ಮರ್ಯಾದಸ್ಥನ ಕಾರು ಸಾಗಣೆ

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನ್ನ ಮಾತಿಗೆ ಜಗಳ ಹಾಗಿರಲಿ, ಎದುರುತ್ತರವೇ ಇಲ್ಲ! ಅಮೆರಿಕದ ಉತ್ತರ ತುದಿಯ ಮಿನೆಸೋಟದ ಈ ಪುಟ್ಟ ಊರಲ್ಲಿ ಜೀವಮಾನವಿಡೀ ಟ್ರ್ಯಾಕ್ಟರ್ ಬಿಡಿಭಾಗ ಮಾರಿದವನು ನಾನು, ಓರ್ವಲ್ ಟ್ವೀಟನ್. ಹಳೇ ನಟ್ಟನ್ನೇ ಒರೆಸಿ ಮತ್ತೆ ಹಾಕಿಕೊಳ್ಳುವ ಜಿಪುಣ ರೈತರಿಗೆ ಇಡೀ ಗೇರ್‌ಬಾಕ್ಸನ್ನೇ ಮಾರಿದ ಮಹಾಪುರುಷ! ಅಂಥವನಿಗೆ ಒಂದು ಕಾರನ್ನು ಲಾರಿ ಹತ್ತಿಸಿ ಅರಿಜೋನಾಕ್ಕೆ ಕಳಿಸುವುದು ಯಾವ ಘನಂದಾರಿ ಕೆಲಸ?

"ಮಗಳಿಗೆ ಹೇಳಿಬಿಡೋ, ಅವಳು ಕೂತಲ್ಲೇ ಎಲ್ಲಾ ಮಾಡಿಕೊಡ್ತಾಳೆ," ಅಂದ ಪಕ್ಕದ ಮನೆ ಡೆಲ್ಮರ್.

"ನನ್ನ ಕತ್ತಿನ ಮೇಲಿರೋದು ತಲೆ ಕಣೋ, ಟೋಪಿ ನೇತುಹಾಕೋ ಗೂಟ ಅಲ್ಲ!" ಅಂದೆ.

ಕಾರು ನನ್ನದಲ್ಲ, ನನ್ನ ಹೆಂಡತಿ ಮಾರ್ಲಿಸಳದು. ಮೆರೂನ್ ಬಣ್ಣದ ಹಳೇ ಬ್ಯೂಯಿಕ್. ಮಾರ್ಲಿಸ್ ಈ ಊರಿನ ಸ್ಕೂಲ್ ಬಸ್ಸು ಓಡಿಸಿ ನಿವೃತ್ತಳಾದವಳು. ಊರಿನ ಅರ್ಧ ಜನ ಅವಳ ಬಸ್ಸಲ್ಲೇ ಬೆಳೆದವರು. ಹೋದ ಚಳಿಗಾಲದಲ್ಲಿ ಸೊಂಟದ ಕೀಲು ಬದಲಾಯಿಸಿದ ಮೇಲೆ ಸ್ಟೀರಿಂಗ್ ಮುಟ್ಟಿಲ್ಲ. ವರ್ಷವಿಡೀ ನಾನೇ ಸಾರಥಿ. ಅವಳು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ತುಳಿದೂ ತುಳಿದೂ ಕಾಲಡಿಯ ಮ್ಯಾಟ್ ತೂತು ಮಾಡಿದ್ದಾಳೆ! ಕೊನೆಗೂ ಕ್ರಿಸ್ಮಸ್ ಮುಗಿದ ಮೇಲೆ ಡಾಕ್ಟರು, "ಇನ್ನು ಕಾರು ಓಡಿಸಬಹುದು, ಮಂಜುಗಡ್ಡೆ ಮೇಲೆ ಮಾತ್ರ ಬೇಡ," ಅಂದರು. ನಮ್ಮೂರಲ್ಲಿ ಏಪ್ರಿಲ್‌ವರೆಗೂ ಮಂಜುಗಡ್ಡೆ ಬಿಟ್ಟರೆ ಬೇರೆ ನೆಲವೇ ಕಾಣಿಸುವುದಿಲ್ಲ. ಆದರೆ ನಾವು ಪ್ರತಿ ಚಳಿಗಾಲ ಕಳೆಯುವ ಅರಿಜೋನಾದ ಮೆಸಾ ಊರಲ್ಲಿ ಬಿಸಿಲು, ಒಣ ರಸ್ತೆ! ಇಷ್ಟು ವರ್ಷ ಅಲ್ಲಿಯ ತನಕ ಅವಳೇ ಓಡಿಸಿಕೊಂಡು ಹೋಗುತ್ತಿದ್ದಳು. ಈ ಸಲ ಅಷ್ಟು ದೂರ ಕೂರುವುದು ಸೊಂಟಕ್ಕಾಗದು. ನಾವು ವಿಮಾನದಲ್ಲಿ, ಕಾರು ಲಾರಿಯಲ್ಲಿ ಅಂತ ತೀರ್ಮಾನವಾಯಿತು.

"ಓರ್ವಲ್, ನನ್ನ ಕಾರು ಬಂದ್ರೆ ನಾನೂ ಬರ್ತೀನಿ. ಇಲ್ಲ ಅಂದ್ರೆ ನೀನೊಬ್ನೇ ಹೋಗಿ ಬಿಸಿಲು ಕಾಯಿಸ್ಕೊ," ಅಂದಳು.

"ಮೆಸಾದಲ್ಲಿ ನಿನ್ನ ಕೈಗೆ ಬ್ಯೂಯಿಕ್ ಕೀಲಿ ಇಡದಿದ್ರೆ ನಾನು ಟ್ವೀಟನ್ ವಂಶದವನೇ ಅಲ್ಲ!"

"ವಂಶದ ಮಾತು ಆಮೇಲೆ. ಮೊದ್ಲು ಲಾರಿ ಹುಡುಕು."

ಹುಡುಕಿದೆ. ಕಂಪ್ಯೂಟರಿನಲ್ಲಿ ಒಂದು ಕಡೆ ಹೆಸರು, ಊರು, ಫೋನ್ ನಂಬರು ಹಾಕಿ ಗುಂಡಿ ಒತ್ತಿದೆ. ಒತ್ತಿದ ಬೆರಳು ಇನ್ನೂ ಎತ್ತಿರಲಿಲ್ಲ, ಫೋನು ಬಡಕೊಳ್ಳೋಕೆ ಶುರು! ಇಟ್ಟರೆ ಮತ್ತೊಂದು, ಅದನ್ನಿಟ್ಟರೆ ಮಗದೊಂದು! ಅಮೆರಿಕದಲ್ಲಿರುವ ಕಾರು ಸಾಗಿಸೋ ಕಂಪನಿಗಳಿಗೆಲ್ಲ ನನ್ನ ನಂಬರು ಪ್ರಸಾದ ಹಂಚಿದಂತೆ ಹಂಚಿಹೋಗಿತ್ತು. ತಮಾಷೆ ಏನು ಗೊತ್ತಾ, ಇವರ ಪೈಕಿ ಯಾರ ಹತ್ತಿರವೂ ಲಾರಿಯೇ ಇಲ್ಲ! ಎಲ್ಲ ಮಧ್ಯವರ್ತಿಗಳು. ನಾವು ಹೂಂ ಅಂದ ಮೇಲೆ ಆ ದಾರಿಯಲ್ಲಿ ಹೋಗುವ ಲಾರಿಯವನನ್ನು ಹಿಡಿದು ನಮ್ಮ ಮನೆಗೆ ಅಟ್ಟುವವರು.

ಇಲ್ಲಿ ನಮ್ಮೂರ ಮರ್ಯಾದೆಯ ವಿಷಯ ಹೇಳಲೇಬೇಕು. ಯಾರಾದರೂ ಕಾಫಿ ಕುಡೀರಿ ಅಂದರೆ ಮೊದಲ ಸಲ "ಬೇಡ ಬೇಡ." ಎರಡನೇ ಸಲ "ಅಯ್ಯೋ, ನಿಮಗ್ಯಾಕೆ ತೊಂದ್ರೆ." ಮೂರನೇ ಸಲ ಕೇಳಿದಾಗ ಮಾತ್ರ "ಹಾಗಾದ್ರೆ ಅರ್ಧ ಲೋಟ." ಮೊದಲನೇ ಸಲಕ್ಕೇ ಹೂಂ ಅಂದವನನ್ನು ಚರ್ಚಿನಲ್ಲಿ ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ. ಇನ್ನು ನಿಜವಾಗಿಯೂ ಬೇಡವಾಗಿದ್ದರೆ? ಆಗ ಬೇಡ ಅನ್ನುವ ಹಾಗೇ ಇಲ್ಲ! ಎದುರಿನವರ ಮನಸ್ಸು ನೋಯುತ್ತಲ್ಲ! "ಅದೂ ಒಂದು ಯೋಚನೆಯೇ" ಅನ್ನಬೇಕು. ಹಾಗಂದರೆ ಆ ಯೋಚನೆಗೆ ಅಲ್ಲೇ ಗುಂಡಿ ತೋಡಿ ಮಣ್ಣು ಮುಚ್ಚಿದ ಹಾಗೆ. ನಮ್ಮೂರಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು.

ಮೊದಲ ಫೋನಿನವನು ಹರಾಜು ಕೂಗುವವನ ಹಾಗೆ ಮಾತಾಡಿದ. "ಮಂಗಳವಾರ ಲಾರಿ ಕಳಿಸ್ಲಾ ಸಾರ್?"

ಇವನ ಸಹವಾಸವೇ ಬೇಡ ಅನ್ನಿಸಿತು. "ಅದೂ ಒಂದು ಯೋಚನೆಯೇ," ಅಂತ ಬಲವಾಗಿ ನಿರಾಕರಿಸಿದೆ.

"ವಿಳಾಸ ಹೇಳಿ ಸಾರ್."

ವಿಳಾಸ ಕೇಳಿದವನಿಗೆ ಇಲ್ಲ ಅನ್ನೋಕಾಗುತ್ತಾ? ಕೊಟ್ಟೆ. ಮಧ್ಯಾಹ್ನ ಇನ್ನೊಬ್ಬ ಫೋನ್ ಮಾಡಿ, ಅವನೂ ಮಂಗಳವಾರವೇ ಲಾರಿ ಕಳಿಸ್ಲಾ ಅಂದ. ಅವನಿಗೂ "ಯೋಚನೆಯೇನೋ ಚೆನ್ನಾಗಿದೆ" ಅಂತ ಮುಖಕ್ಕೆ ಹೊಡೆದಂತೆ ಹೇಳಿ, ವಿಳಾಸದ ಜೊತೆಗೆ "ತಿರುವಿನಲ್ಲಿ ಜಾರುತ್ತೆ, ಹುಷಾರು" ಅಂತ ಕಿವಿಮಾತೂ ಹೇಳಿದೆ.

"ಯಾರಿಗಾದ್ರೂ ಒಪ್ಕೊಂಡ್ಯಾ?" ಅಂದಳು ಮಾರ್ಲಿಸ್.

"ಛೇ! ಇಬ್ರನ್ನೂ ಕಡ್ಡಿ ಮುರಿದ ಹಾಗೆ ಮಾತಾಡಿ ಅಟ್ಟಿದೀನಿ!"

ಸಂಜೆ ಯೋಲಾಂಡಾ ಅನ್ನುವಾಕೆ ಟೆಕ್ಸಸ್‌ನಿಂದ ಫೋನ್ ಮಾಡಿದಳು. ಎಷ್ಟು ಚೆಂದ ಮಾತು! ಕಾರನ್ನು ಲಾರಿಯ ಮೇಲಂತಸ್ತಿನಲ್ಲೇ ನಿಲ್ಲಿಸಲು ಹೇಳ್ತೀನಿ, ಇಲ್ಲದಿದ್ದರೆ ಮೇಲಿನ ಕಾರಿನ ಎಣ್ಣೆ ನಿಮ್ಮದರ ಮೇಲೆ ಸೋರುತ್ತೆ. ಪೆಟ್ರೋಲು ಕಾಲು ಟ್ಯಾಂಕ್ ಸಾಕು. ಡಿಕ್ಕಿ ಖಾಲಿ ಇರಲಿ. ಎಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಇವಳೇ ಸರಿ, ಇನ್ನು ಮಾತಿಲ್ಲ ಅಂತ ನಿರ್ಧರಿಸಿಬಿಟ್ಟೆ!

"ಹಾಗಾದ್ರೆ ಲಾರಿ ಗೊತ್ತು ಮಾಡ್ಲಾ ಸಾರ್?"

"ಬೇಡ ಬೇಡ," ಅಂದೆ ಸಂತೋಷದಿಂದ.

"ಸರಿ ಸಾರ್, ಒಳ್ಳೇದಾಗ್ಲಿ." ಟುಕ್! ಇಟ್ಟೇಬಿಟ್ಟಳು!

ನಾನು ಫೋನು ಕಿವಿಗೆ ಒತ್ತಿಕೊಂಡೇ ಕೂತಿದ್ದೆ.

"ಏನಾಯ್ತು?" ಅಂದಳು ಮಾರ್ಲಿಸ್.

"ಏನಿಲ್ಲ, ಎರಡನೇ ಸಲ ಕೇಳೋಕೆ ಈಗ ಮಾಡ್ತಾಳೆ ನೋಡು."

"ಟೆಕ್ಸಸ್‌ನೋಳು ಎರಡನೇ ಸಲ ಕೇಳ್ತಾಳಾ? ನಿನ್ನ ತಲೆ!"

ಕೇಳಲಿಲ್ಲ. ನಾನಾಗಿಯೇ ಮಾಡೋಣ ಅಂದರೆ ಊಟಕ್ಕೆ ಕರೆಯದವರ ಮನೆಗೆ ತಟ್ಟೆ ಹಿಡಕೊಂಡು ಹೋದಂತಾಗುತ್ತಲ್ಲ! ಇವತ್ತು ಮಾಡ್ತಾಳೆ, ನಾಳೆ ಮಾಡ್ತಾಳೆ ಅಂತ ಕಾದೆ. ಅಷ್ಟರಲ್ಲಿ ಮಂಗಳವಾರ ಬಂತು.

ಮಂಗಳವಾರ ಬೆಳಗ್ಗೆ ಮೂಗಿನೊಳಗಿನ ಕೂದಲೂ ಸೆಟೆದುಕೊಳ್ಳುವ ಚಳಿ. ಬೀದಿಯ ಎರಡೂ ಕಡೆ ಎದೆಯೆತ್ತರ ಹಿಮ ಒಟ್ಟಿತ್ತು. ಆ ಕಡೆಯಿಂದ ಕಾರುಗಳನ್ನು ಹೊತ್ತ ಒಂದು ಕೆಂಪು ಲಾರಿ ನುಗ್ಗಿತು. ಈ ಕಡೆಯಿಂದ ಒಂದು ನೀಲಿ ಲಾರಿ ನುಗ್ಗಿತು. ನಮ್ಮ ಮನೆ ಮುಂದೆ ಎರಡೂ ಮೂತಿಗೆ ಮೂತಿ ತಾಗಿಸಿ ನಿಂತವು! ನೀಲಿ ಲಾರಿಯ ಹಿಂದೆ ಹಿಮ ತಳ್ಳುವ ಬಂಡಿ, ಅದರ ಹಿಂದೆ ಸ್ಕೂಲ್ ಬಸ್ಸು. ಬೀದಿಯವರೆಲ್ಲ ಹೊರಗೆ ಬಂದರು. ಡೆಲ್ಮರ್ ಕಾಫಿ ಲೋಟದ ಜೊತೆಗೆ ಕೂರೋಕೆ ಮಡಚುವ ಕುರ್ಚಿಯನ್ನೂ ತಂದ!

"ಟ್ವೀಟನ್ ಅವರ ಬ್ಯೂಯಿಕ್ ನಂದು!" ಅಂತ ಕೆಂಪು ಲಾರಿಯವನು ಕೂಗಿದ.

"ನಿಂದು ಹೇಗಪ್ಪಾ? ನಂಗೂ ಹೂಂ ಅಂದಿದಾರೆ!" ಅಂತ ನೀಲಿಯವನು.

"ನಾನು ಇಬ್ರಿಗೂ ನಿರಾಕರಿಸಿದ್ನಲ್ಲ..." ಅಂತ ಗೊಣಗಿದೆ.

ಮಾರ್ಲಿಸ್ ಕೋಲೂರಿಕೊಂಡು ಬಾಗಿಲಿಗೆ ಬಂದಳು. ಎಲ್ಲ ಕೇಳಿಸಿಕೊಂಡಳು. "ಓರ್ವಲ್, ನೀಲಿ ಲಾರಿಯವ್ನು ನೆಟ್ಟಗೆ ಮೆಸಾಕ್ಕೇ ಹೋಗ್ತಾನಂತೆ, ಮೇಲಂತಸ್ತಲ್ಲಿ ಜಾಗಾನೂ ಇದೆಯಂತೆ. ಕೆಂಪು ಲಾರಿಯವ್ನಿಗೆ ಬೇಡ ಅನ್ನು. ಎರಡೇ ಅಕ್ಷರ. ಬಾಯಿಬಿಟ್ಟು ಹೇಳು."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡಾಯಿತು ನನ್ನದು, ನುಂಗೋಕೂ ಆಗದು, ಉಗುಳೋಕೂ ಆಗದು! ಪಾಪ, ಅಷ್ಟು ದೂರದಿಂದ ಬಂದಿದ್ದಾನೆ, ಗಡ್ಡದ ತುಂಬಾ ಹಿಮ. ಅವನ ಮುಂದೆ ನಿಂತು "ಅದೂ ಒಂದು..." ಅಂತ ಶುರು ಮಾಡಿದೆ. ಹಿಂದಿನಿಂದ ಮಾರ್ಲಿಸಳ ಕೋಲು ಮೆಟ್ಟಿಲಿಗೆ ಠಣ್ ಅಂತ ಬಡಿಯಿತು.

"ಬೇಡ!" ಅಂದೆ.

ಡೆಲ್ಮರ್‌ನ ಲೋಟ ಬಾಯ ಹತ್ತಿರವೇ ನಿಂತಿತು. ಜನ್ಮದಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಮುಖ ನೋಡಿ, ನಿಜಕ್ಕೂ ಬೇಡವಾದದ್ದಕ್ಕೇ ಬೇಡ ಅಂದಿದ್ದೆ! ಏನು ಹಗುರ, ಏನು ಸುಖ! ಕೆಂಪು ಲಾರಿ ನನ್ನ ಹಿರಿಯರನ್ನೆಲ್ಲ ಹೆಸರು ಹಿಡಿದು ನೆನೆಸುತ್ತಾ ಹಿಂದೆ ಸರಿಯಿತು. ನಾನು ಎದೆ ಸೆಟೆಸಿ ಬೀದಿಯ ಮಧ್ಯೆ ನಿಂತೆ, ಜಗಜಟ್ಟಿಯ ಹಾಗೆ.

ನೀಲಿ ಲಾರಿಯವನು ನಗುತ್ತಾ ಕೇಳಿದ: "ಹಾಗಾದ್ರೆ ನಾನು ಕಾರು ಹತ್ತಿಸ್ಲಾ ಸಾರ್?"

"ಬೇಡ!"

ಬಾಯಿಂದ ಬಿದ್ದೇಹೋಯಿತು! ಹೊಸ ಶೌರ್ಯದ ಅಮಲು ಒಂದು ಕಡೆ, ಮೊದಲ ಸಲಕ್ಕೆ ಬೇಡ ಅನ್ನುವ ಹಳೇ ಮರ್ಯಾದೆ ಇನ್ನೊಂದು ಕಡೆ. ಎರಡೂ ಸೇರಿ ನನ್ನ ನಾಲಿಗೆಯನ್ನು ಹಿಡಿದು ಎಳೆದವು. ಎರಡನೇ ಸಲ ಕೇಳಲಿ ಅಂತ ನಗುನಗುತ್ತಾ ಕಾದೆ. ಅವನು ಹೆಗಲು ಕುಣಿಸಿ, ಲಾರಿ ಹತ್ತಿ, ಬುರ್ರ್ ಅಂತ ಹೋಗೇಬಿಟ್ಟ!

ಬೀದಿ ಖಾಲಿಯಾಯಿತು. ಬ್ಯೂಯಿಕ್ ಇದ್ದಲ್ಲೇ ಇತ್ತು. ಮಾರ್ಲಿಸ್ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು "ಪರವಾಗಿಲ್ಲ ಬಿಡು," ಅಂದಳು. ಮೆಲ್ಲಗೆ ಗ್ಯಾರೇಜಿಗೆ ಹೋಗಿ, ಬ್ಯೂಯಿಕ್ಕಿನ ಬಾಗಿಲು ತೆಗೆದು ತನ್ನ ಸೀಟಲ್ಲಿ ಕೂತಳು. ಎಂಜಿನ್ ಹಾಕಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಮುಂದಿನ ಗೋಡೆ ನೋಡುತ್ತಾ ಕೂತಿದ್ದಳು.

ಕಿಟಕಿಯಿಂದ ಅದನ್ನೇ ನೋಡುತ್ತಾ ನಿಂತೆ. ಹಿಮಬಿರುಗಾಳಿಯಲ್ಲೂ ಒಂದು ಮಗುವನ್ನೂ ದಾರಿಯಲ್ಲಿ ಬಿಡದೆ ಮನೆ ಸೇರಿಸಿದ ಹೆಂಗಸು ಅವಳು. ಅವಳನ್ನು ನಾನು, ನನ್ನ ಹಾಳು ಮರ್ಯಾದೆಯಿಂದ, ಗ್ಯಾರೇಜಿನ ಗೋಡೆ ಮುಂದೆ ಕೂರಿಸಿದ್ದೆ! ನನ್ನ ಮೇಲೆ ನನಗೇ ಕೆಂಡದಂಥ ಕೋಪ ಬಂತು. ಊರಿನವರು ಏನಾದರೂ ಅಂದುಕೊಳ್ಳಲಿ ಅಂತ ಫೋನು ಎತ್ತಿ ಟೆಕ್ಸಸ್ಸಿಗೆ ಒತ್ತಿದೆ.

"ಹಲೋ, ಯೋಲಾಂಡಾ ಮಾತಾಡ್ತಿರೋದು..." ಅಂದಿತು ಆ ಕಡೆಯ ದನಿ.

"ಬೇಕು!" ಅಂತ ಕಿರುಚಿದೆ. "ಬೇಕು! ಬೇಕು! ಬೇಕು!"

"ಸಾರ್... ಯಾರು ಮಾತಾಡ್ತಿರೋದು? ಏನು ಬೇಕು?"

"ಲಾರಿ ಬೇಕಮ್ಮಾ! ಅವತ್ತೇ ಬೇಕಿತ್ತು!"

"ಅವತ್ತು ಬೇಡ ಅಂದ್ರಲ್ಲ ಸಾರ್?"

"ಒಂದೇ ಸಲ ಅಂದಿದ್ದಲ್ವೇನಮ್ಮಾ!"

ಅದಕ್ಕೆ ಯೋಲಾಂಡಾ ನಕ್ಕಳು ನೋಡಿ, ಆ ನಗುವಿಗೆ ನಮ್ಮ ಗ್ಯಾರೇಜಿನ ಮೇಲಿನ ಹಿಮವೂ ಕರಗಿರಬೇಕು. ನಾವು ವಿಮಾನ ಹತ್ತುವ ಹಿಂದಿನ ದಿನ ಅವಳ ಲಾರಿ ಬಂತು. ನಮ್ಮ ಬೀದಿಗೆ ಲಾರಿ ಬರುವ ದುಸ್ಸಾಹಸ ಮತ್ತೆ ಬೇಡ ಅಂತ ಚರ್ಚಿನ ಅಂಗಳದಲ್ಲೇ ಬ್ಯೂಯಿಕ್ ಹತ್ತಿಸಿದೆವು, ಮೇಲಂತಸ್ತಿಗೆ! ಲಾರಿಯವನು ಏನು ಕೇಳಿದರೂ ಮಾರ್ಲಿಸ್ಸೇ ಉತ್ತರ ಕೊಟ್ಟಳು. ನನ್ನ ಬಾಯಿಗೆ ಅವಳ ಮಫ್ಲರ್ ಸುತ್ತಿತ್ತು.

ಮನೆಗೆ ಬಂದು ಶಾಸನ ಹೊರಡಿಸಿದಳು: "ಇನ್ಮೇಲೆ ನಮ್ಮನೇಲಿ ಮೊದಲ್ನೇ ಮಾತೇ ಮಾತು. ಎರಡನೇ ಸಲ ಕೇಳೋದಿಲ್ಲ. ತಿಳೀತಾ?"

"ತಿಳೀತು," ಅಂದೆ, ಮೊದಲನೇ ಸಲಕ್ಕೇ.

ಮೆಸಾದಲ್ಲಿ ಕಾದೆವು. ದಾರಿಯಲ್ಲಿ ಹಿಮಗಾಳಿ ಅಂತ ಲಾರಿ ತಡ. ಮಾರ್ಲಿಸ್ ದಿನಾ ಬೆಳಗ್ಗೆ ತಂಪು ಕನ್ನಡಕ ಹಾಕಿಕೊಂಡು ರಸ್ತೆಯಂಚಿಗೆ ಕುರ್ಚಿ ಎಳೆದು ಕೂರುವಳು. ಕೊನೆಗೂ ಒಂದು ಬೆಳಗ್ಗೆ ತಿರುವಿನಲ್ಲಿ ಲಾರಿ ಕಂಡಿತು. ತುದಿಯಲ್ಲಿ ನಮ್ಮ ಬ್ಯೂಯಿಕ್! ಮೈಯೆಲ್ಲಾ ರಸ್ತೆಯ ಉಪ್ಪು ಅಂಟಿ ಉಪ್ಪಿನಲ್ಲಿ ಹೊರಳಾಡಿಸಿದ ಮೀನಿನಂತಿತ್ತು. ಇಳಿಸಿದ ಕೂಡಲೇ ಕೀಲಿಯನ್ನು ಮಾರ್ಲಿಸಳ ಅಂಗೈಯಲ್ಲಿಟ್ಟೆ. ಟ್ವೀಟನ್ ವಂಶ ಉಳಿಯಿತು!

ಅವಳು ಕೋಲನ್ನು ನನ್ನ ಕೈಗೆ ಕೊಟ್ಟು ಸೀಟಲ್ಲಿ ಕೂತಳು. ಸೀಟು ಸರಿಮಾಡಿ, ಕನ್ನಡಿ ಸರಿಮಾಡಿ, ಹಳೇ ಅಭ್ಯಾಸದಂತೆ ಖಾಲಿ ಹಿಂದಿನ ಸೀಟಿಗೆ "ಎಲ್ರೂ ಕೂತ್ಕೊಂಡ್ರಾ?" ಅಂದಳು. ಎಂಜಿನ್ ಗುರ್ರ್ ಅಂದಿತು. ಕಿಟಕಿಯಿಂದ ನನ್ನ ಕಡೆ ನೋಡಿ ನಕ್ಕಳು. ವರ್ಷದಿಂದ ಆ ನಗು ನೋಡಿರಲಿಲ್ಲ.

"ಬರ್ತೀಯಾ ಓರ್ವಲ್?"

ಬಾಯಿ! ಹಾಳಾದ್ದು ಈ ಬಾಯಿ! "ಬೇಡ ಬೇಡ, ನಿನಗ್ಯಾಕೆ..."

"ಸರಿ!" ಅಂದವಳೇ ಹೊರಟೇಬಿಟ್ಟಳು! ಸ್ಕೂಲ್ ಬಸ್ಸು ಯಾರಿಗೂ ಕಾಯುವುದಿಲ್ಲ.

ನಾನು ಕೋಲು ಹಿಡಿದುಕೊಂಡು ಬಿಸಿಲಲ್ಲಿ ನಿಂತೆ. ತಿರುವಿನಲ್ಲಿ ಎಷ್ಟು ನಯವಾಗಿ ತಿರುಗಿಸಿದಳು ಅಂದ್ರೆ, ನನ್ನ ಕಣ್ಣಲ್ಲಿ ನೀರು ಬಂತು. ಬಿಟ್ಟುಹೋದಳು ಅಂತ ಅಲ್ಲ, ಸಂತೋಷಕ್ಕೆ. ಸತ್ಯವಾಗಿ ಹೇಳ್ತೀನಿ, ಅವಳು ಕಣ್ಮರೆಯಾಗುವ ತನಕ ಆ ಕೋಲನ್ನೇ ಮೇಲೆತ್ತಿ ಬೀಸಿದೆ.

ಮಧ್ಯಾಹ್ನ ದಾಟಿದ ಮೇಲೆ ಬಂದಳು. ಕೆನ್ನೆ ಕೆಂಪೇರಿತ್ತು. ಗಾಜು ಇಳಿಸಿ, "ಓರ್ವಲ್, ಒಂದು ಕೇಳ್ಲಾ?" ಅಂದಳು.

ಈ ಸಲ ಬಿಡ್ತೀನಾ! "ಹೂಂ!" ಅಂದೆ. "ಹೂಂ! ಹೂಂ!"

"ಭೇಷ್! ಇವತ್ತು ರಾತ್ರಿ ಅಡುಗೆ ನೀನು ಮಾಡ್ತೀಯಾ ಅಂತ ಕೇಳೋಣ ಅಂತಿದ್ದೆ. ಆಲೂಗಡ್ಡೆ, ಮಾಂಸ ಎಲ್ಲ ಡಿಕ್ಕೀಲಿದೆ, ಒಳಗಿಡು. ಕಾರು ಬಂದ ಖುಷಿಗೆ ದಾರೀಲಿ ಸಿಕ್ಕೋರನ್ನೆಲ್ಲ ಊಟಕ್ಕೆ ಕರೆದೆ."

ಆದರೂ ಧೈರ್ಯ ಬಿಡಲಿಲ್ಲ. "ಬೇಡ ಬೇಡ ಅಂದಿರ್ತಾರೆ ಬಿಡು, ಮರ್ಯಾದಸ್ಥರು," ಅಂದೆ.

"ಇಲ್ಲ ಕಣೋ," ಅಂದಳು ಮಾರ್ಲಿಸ್, ಕೀಲಿ ಗಿರಗಿರ ತಿರುಗಿಸುತ್ತಾ. "ಇದು ಅರಿಜೋನಾ. ಇಡೀ ಬೀದಿ ಮೊದಲ್ನೇ ಸಲಕ್ಕೇ ಹೂಂ ಅಂತು!"