ಅರಮನೆಯ ತೂಗುಮಂಚ ಮತ್ತು ನನ್ನ ಷಡ್ಡಕ

ಅರಮನೆಯಲ್ಲಿ ವಾಸ ಮಾಡಲು ವಿಶೇಷವಾದ ಯೋಗ್ಯತೆಯೇನೂ ಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ರಾಜರೇ ಮಾಡಿದ್ದಾರಲ್ಲ! ಏಳುವುದು, ಉಣ್ಣುವುದು, ಮಲಗುವುದು. ಕಟಪಾಡಿಯ ನಮ್ಮ ಹೆಂಚಿನ ಮನೆಯಲ್ಲಿ ನಾನು ಮಾಡಿಕೊಂಡು ಬಂದದ್ದೂ ಅದನ್ನೇ.

ಆದರೂ ನಾನು ಅರಮನೆಗೆ ಹೊರಟದ್ದಕ್ಕೆ ಕಾರಣ ನನ್ನ ಷಡ್ಡಕ ವಾಸುದೇವ. ನನ್ನ ಹೆಂಡತಿ ಶಾರದೆಯ ತಂಗಿ ಸುಧಾಳ ಗಂಡ. ಮಣಿಪಾಲದಲ್ಲಿ ಬ್ಯಾಂಕ್ ಆಫೀಸರ್. ನಾನು ಹೈಸ್ಕೂಲಿನ ಗಣಿತ ಮಾಸ್ತರ. ನನ್ನದು ಸೈಕಲ್ಲು, ಅವನದು ಫಿಯೆಟ್ ಕಾರು. ನಾವು ಗ್ಯಾಸಿನ ಒಲೆಗೆ ಹೆಸರು ಬರೆಸಿ ಕಾಯುತ್ತಿದ್ದ ಕಾಲಕ್ಕೆ ಅವರ ಮನೆಯ ಮಜ್ಜಿಗೆ ಫ್ರಿಜ್ಜಿನಲ್ಲಿ ಕೂತು ತಂಪಾಗುತ್ತಿತ್ತು. ಇದರಿಂದ ನನಗೇನೂ ಬೇಸರವಿಲ್ಲ. ಹೊಟ್ಟೆಕಿಚ್ಚು ಎಂಬುದು ನನ್ನ ಸ್ವಭಾವದಲ್ಲೇ ಇಲ್ಲ. ಆ ಫಿಯೆಟ್ ನಮ್ಮ ಅಂಗಳಕ್ಕೆ ಬಂದು ನಿಂತಾಗ ಎದೆಯಲ್ಲಿ ಸ್ವಲ್ಪ ಉರಿಯುತ್ತದೆ. ಅದು ಪಿತ್ತದ್ದು.

ಅಂಬಲಪಾಡಿಯ ಮಾವನ ಮನೆಯಲ್ಲಿ ಪೂಜೆಯಿದ್ದ ದಿನ ಈ ವಾಸು ಊಟದ ಪಂಕ್ತಿಯಲ್ಲಿ ಕೂತು, ತಾವು ರಜೆಗೆ ಉತ್ತರ ದೇಶಕ್ಕೆ ಹೋಗಿ ಯಾವುದೋ ಮಹಾರಾಜರ ಅರಮನೆಯ ಹೋಟೆಲಿನಲ್ಲಿ ಇದ್ದು ಬಂದ ಕಥೆ ತೆಗೆದ. ಬಚ್ಚಲುಮನೆಯೇ ನಮ್ಮ ಚಾವಡಿಯಷ್ಟು ಉಂಟಂತೆ. ಕಿಟಕಿ ತೆರೆದರೆ ನವಿಲಂತೆ. ಬಡಿಸುತ್ತಿದ್ದ ಶಾರದೆ ಸೌಟು ಹಿಡಿದುಕೊಂಡೇ ಕಥೆ ಕೇಳುತ್ತ ನಿಂತಳು. ಅವನ ಎಲೆಗೆ ಎರಡು ಸಲ ಪಾಯಸ ಬಿತ್ತು. ನನ್ನ ಎಲೆಯವರೆಗೆ ಪಾಯಸ ಬರಲೇ ಇಲ್ಲ!

ಅಂದೇ ನಿಶ್ಚಯ ಮಾಡಿದೆ. ಜೀವಮಾನದಲ್ಲಿ ಒಂದೇ ಒಂದು ಸಲ ಈ ವಾಸು ನನ್ನನ್ನು ಕಂಡು ಕರುಬಬೇಕು. ಅದನ್ನು ನಾನು ಕಣ್ಣಾರೆ ಕಾಣಬೇಕು. ಶಾರದೆಯೂ ಕಾಣಬೇಕು.

ಉತ್ತರ ದೇಶದ ಮಹಾರಾಜರು ನನ್ನ ಸಂಬಳಕ್ಕೆ ಎಟಕುವವರಲ್ಲ. ಆದರೆ ಕಾರ್ಕಳದಿಂದ ಆಚೆ ಒಬ್ಬರು ಬಲ್ಲಾಳರು ತಮ್ಮ ಹಳೆಯ ಅರಮನೆಯ ಮಾಳಿಗೆಯನ್ನು ಸುಣ್ಣ ಬಳಿಸಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡಲು ಶುರು ಮಾಡಿದ್ದಾರೆಂದು ಶಾಲೆಯಲ್ಲಿ ಸುದ್ದಿ ಸಿಕ್ಕಿತು. ಮೇ ರಜೆಯಲ್ಲಿ ಎರಡು ದಿನಕ್ಕೆ ಹೇಳಿಟ್ಟೆ. ಒಡನೆಯೇ ಮಣಿಪಾಲಕ್ಕೊಂದು ಕಾರ್ಡು ಹಾಕಿದೆ. ‘ನಾವು ಅರಮನೆಯಲ್ಲಿರುತ್ತೇವೆ. ಆದಿತ್ಯವಾರ ಮಧ್ಯಾಹ್ನ ಊಟಕ್ಕೆ ಬನ್ನಿ’ ಎಂದು ಆದಷ್ಟು ಸಾಮಾನ್ಯ ಸಂಗತಿಯೆಂಬಂತೆ ಬರೆದೆ.

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅರಮನೆ ಎಂದ ಮೇಲೆ ಬಾವಲಿ ಇರಬಹುದು, ಹಾವಿರಬಹುದು, ಮರದ ಮಾಳಿಗೆಗೆ ಬೆಂಕಿ ಬೀಳಬಹುದು. ಟಾರ್ಚು, ದೊಣ್ಣೆ, ಕಿಟಕಿಯಿಂದ ಇಳಿಯಲು ಬಾವಿಯ ಹಗ್ಗ, ಎಲ್ಲವನ್ನೂ ಟ್ರಂಕಿಗೆ ತುಂಬಿಸಿದೆ. ನಾವು ಇರಲಿಕ್ಕೆ ಹೋಗುವುದೋ ಕನ್ನ ಹಾಕಲಿಕ್ಕೆ ಹೋಗುವುದೋ ಎಂದು ಶಾರದೆ ಕೇಳಿದಳು.

ಶನಿವಾರ ಸಂಜೆಯ ಹೊತ್ತಿಗೆ ನಾನು, ಶಾರದೆ, ಮಗಳು ಉಷಾ ಎರಡು ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಿದೆವು. ಬಲ್ಲಾಳರೇ ಎದುರು ಬಂದರು. ಬಿಳಿ ಪಂಚೆ, ಬಿಳಿ ಮೀಸೆ, ಬಹಳ ಮರ್ಯಾದೆಯ ಮನುಷ್ಯ.

“ನಮ್ಮದು ಜೈನರ ಮನೆ ಮಾಸ್ಟ್ರೇ. ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಅದರ ಮೊದಲು ಯಾವಾಗ ಬೇಕಾದರೂ ಕೋಣೆಯಲ್ಲಿ ಮಣಿ ಉಂಟು, ಬಾರಿಸಿ. ಊಟ ಮೇಲೆಯೇ ಬರ್ತದೆ” ಎಂದರು.

ಮೇಲೆ ಹೋಗಿ ಬಾಗಿಲು ತೆರೆದೆವು. ಎದುರಿಗೇ ಒಂದು ತೂಗುಮಂಚ. ಹಿತ್ತಾಳೆಯ ಸರಪಳಿ, ನಾಲ್ಕು ಮೂಲೆಯಲ್ಲಿ ಹುಲಿಯ ತಲೆಗಳ ಕೆತ್ತನೆ, ಮೇಲೆ ಕೆಂಪು ರೇಷ್ಮೆಯ ಹಾಸು. ಪಕ್ಕದ ಪೀಠದಲ್ಲಿ ಹಿತ್ತಾಳೆಯ ಚೊಂಬು, ಚೊಂಬಿನಲ್ಲಿ ಅಡಿಕೆಯ ಹಿಂಗಾರ, ಅದರ ಬಳಿ ಒಂದು ಕಂಚಿನ ಕೈಮಣಿ. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು.

ನಮ್ಮ ಕಡೆಯ ಹಳೆಯ ದೊಡ್ಡ ಮನೆಗಳಲ್ಲಿ ಮನೆ ಕಾಯುವ ದೈವಕ್ಕೆಂದೇ ಹಿಂಗಾರ, ಮಣಿಯ ಸಮೇತ ಇಂಥದೊಂದು ಮಂಚ ಇರುತ್ತದೆ. ಅದರ ಮೇಲೆ ಮನುಷ್ಯರು ಕೂರುವಂತಿಲ್ಲ. ಕೂತರೆ ಏನಾಗುತ್ತದೆಂದು ತಿಳಿಸಲು, ನಮ್ಮ ಅಜ್ಜಿ ಹೇಳುತ್ತಿದ್ದ ಪ್ರಕಾರ, ಕೂತವರು ಯಾರೂ ಉಳಿದಿಲ್ಲ.

ಶಾರದೆ ಚೀಲವನ್ನು ಮಂಚದ ಮೇಲೆ ಇಡಲು ಹೋದಳು. ನಾನು ಹಾರಿ ಹಿಡಿದೆ.

“ಎಂತ ನಿಮ್ಮದು? ಬಾಡಿಗೆಗೆ ಕೊಡುವ ಕೋಣೆಯಲ್ಲಿ ಯಾರಾದರೂ ದೈವದ ಮಂಚ ಇಡ್ತಾರಾ?”

“ನಾವು ಬಂದದ್ದು ಇವತ್ತು. ಅದು ಬಂದು ಎಷ್ಟು ತಲೆಮಾರಾಯಿತೋ. ಯಾರು ಯಾರ ಕೋಣೆಗೆ ಬಂದದ್ದು, ನೀನೇ ಹೇಳು” ಎಂದೆ.

ಮೂಲೆಯಲ್ಲಿ ಒಂದು ಸಣ್ಣ ಕಬ್ಬಿಣದ ಮಂಚವಿತ್ತು. ಮೂವರಿಗೂ ಅದನ್ನೇ ಕೊಟ್ಟಿದ್ದಾರೆಂದು ಗಣಿತದ ಪ್ರಕಾರ ತೀರ್ಮಾನಿಸಿದೆ. ಇನ್ನು ಊಟ. ಬಲ್ಲಾಳರು ಹೇಳಿದ ಮಣಿಯನ್ನು ಹುಡುಕಿದೆ. ಕಪಾಟಿನಲ್ಲಿ ಇಲ್ಲ, ಕಿಟಕಿಯಲ್ಲಿ ಇಲ್ಲ. ಕೋಣೆಯಲ್ಲಿದ್ದ ಮಣಿ ಒಂದೇ, ಅದು ದೈವದ್ದು. ನಮ್ಮದನ್ನು ಇಡಲು ಮರೆತಿರಬೇಕು!

ಕೆಳಗೆ ಹೋಗಿ ಕೇಳಿಕೊಂಡು ಬನ್ನಿ ಎಂದು ಶಾರದೆ ಹೇಳಿದಳು. ಅರಮನೆಯಲ್ಲಿ ಇಳಿದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಊಟ ಉಂಟಾ ಎಂದು ಕೇಳುವುದುಂಟೇ? ವಾಸು ಆಗಿದ್ದರೆ ಕೇಳುತ್ತಿದ್ದನೇ? ಯಾರಾದರೂ ತಾವಾಗಿ ಬರಲಿ ಎಂದು ಠೀವಿಯಿಂದ ಕಾದೆ. ಹೊರಗೆ ಸೂರ್ಯ ಮಾತ್ರ ಯಾರಿಗೂ ಕಾಯಲಿಲ್ಲ. ಕೊನೆಗೆ ನಾನು ಠೀವಿಯನ್ನು ಬಿಟ್ಟು ಕೆಳಗಿಳಿಯುವಾಗ ಒಲೆ ಆರಿಸಿ, ಅಡುಗೆಮನೆ ಒರಸಿ, ಬಾಗಿಲು ಹಾಕಿಯಾಗಿತ್ತು.

ಶಾರದೆ ತಂದಿದ್ದ ಚಕ್ಕುಲಿಯ ಡಬ್ಬಿಯೇ ನಮ್ಮ ರಾಜಭೋಜನವಾಯಿತು. ರಾಜರು ದಿನಾ ಇದನ್ನೇ ತಿನ್ನುತ್ತಿದ್ದದ್ದಾ ಎಂದು ಉಷಾ ವಿಚಾರಿಸಿದಳು. ಅವಳನ್ನು ಕಬ್ಬಿಣದ ಮಂಚದಲ್ಲಿ ಮಲಗಿಸಿ, ನಾವಿಬ್ಬರೂ ನೆಲದ ಮೇಲೆ ಶಾರದೆಯ ಎರಡು ಸೀರೆ ಹಾಸಿ ಮಲಗಿದೆವು. ದೈವದ ಕಡೆಗೆ ಕಾಲು ಹೋಗಬಾರದೆಂದು ನಾನು ಬಾಗಿಲಿಗೆ ಅಡ್ಡವಾಗಿ ಮಲಗಿದೆ. ಗಾಳಿಗೆ ಸರಪಳಿ ಕಿರ್ರೆಂದಾಗಲೆಲ್ಲ ಎದ್ದು ಕೈಮುಗಿದೆ. ಇದು ಎಷ್ಟು ಸಲ ಆಯಿತೆಂದು ಹೇಳುವುದು ಬೇಡ.

ಬೆಳಿಗ್ಗೆ ಮಿಂದು, ದಾಸವಾಳದ ಹೂವೊಂದನ್ನು ಮಂಚದ ಮೇಲಿಟ್ಟು ಅಪರಾಧ ಕ್ಷಮೆ ಕೇಳಿದೆ. ಹಿಂಬಾಗಿಲಿನಿಂದ ನುಸುಳಿ ರಸ್ತೆ ಬದಿಯ ಹೋಟೆಲಿನಿಂದ ಬನ್ಸ್ ಕಟ್ಟಿಸಿ, ಮಡಚಿದ ಕೊಡೆಯೊಳಗೆ ಅಡಗಿಸಿ ತಂದೆ. ಸೊಂಟ ನೆಟ್ಟಗಾಗುತ್ತಿರಲಿಲ್ಲ. ಆದರೆ ಮನಸ್ಸಿಗೆ ಉತ್ಸಾಹವಿತ್ತು. ಇವತ್ತು ವಾಸು ಬರುತ್ತಾನೆ!

ಬಂದ. ಫಿಯೆಟ್‌ನಿಂದ ಇಳಿದು ಕತ್ತೆತ್ತಿ ನೋಡಿದ. “ಪರವಾಗಿಲ್ಲ ಭಾವ, ದೊಡ್ಡದೇ ಉಂಟು” ಎಂದ. ಆ ‘ದೊಡ್ಡದೇ’ ಎಂಬುದರಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಾಸನೆ ಬಂತು. ಸೊಂಟದ ನೋವು ಅರ್ಧಕ್ಕೆ ಇಳಿಯಿತು. ಸುಧಾ ಕೊರಳಿಗೆ ಹೊಸ ಕ್ಯಾಮೆರಾ ತೂಗುಹಾಕಿಕೊಂಡು ಹಿಂದಿನಿಂದ ಬಂದಳು.

ಕಂಬಗಳನ್ನು, ಕೆತ್ತನೆಯ ಬಾಗಿಲನ್ನು ನಾನೇ ಕಟ್ಟಿಸಿದವನ ಹಾಗೆ ತೋರಿಸುತ್ತ ಮಾಳಿಗೆಗೆ ಕರೆತಂದೆ. ವಾಸು ಕೋಣೆಯೊಳಗೆ ಬಂದವನೇ, ಆಹಾ ಎಂದು ನನ್ನ ದಾಸವಾಳವನ್ನು ಬದಿಗೆ ತಳ್ಳಿ, ಮಂಚದ ಮೇಲೆ ಕೂತ. ಕೂತವನು ಮಲಗಿಯೇ ಬಿಟ್ಟ!

ತಡೆಯಬೇಕೆಂದು ಬಾಯಿ ತೆರೆದೆ. ಸತ್ಯವಾಗಿ ತೆರೆದೆ. ಅಷ್ಟರಲ್ಲಿ ಆ ಪಾಯಸ ಬೀಳದ ಎಲೆ ಕಣ್ಣ ಮುಂದೆ ಬಂತು, ಬಾಯಿ ತಾನಾಗಿ ಮುಚ್ಚಿಕೊಂಡಿತು. ದೈವಕ್ಕೂ ಅವನಿಗೂ ನಡುವೆ ನಾನೇಕೆ ಬರಲಿ? ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮನಸ್ಸಿನಲ್ಲೇ ಪ್ರಾರ್ಥಿಸಿದೆ. ಸ್ವಾಮೀ, ದೊಡ್ಡ ಶಿಕ್ಷೆ ಬೇಡ, ಸುಧಾಳ ಗಂಡ. ಒಂದು ಸಣ್ಣ ಭೇದಿ ಸಾಕು. ಸಾಧ್ಯವಾದರೆ ಫಿಯೆಟ್‌ನ ಕ್ಲಚ್ಚು.

ವಾಸುವಿಗೆ ಏನೂ ಆಗಲಿಲ್ಲ. ಕಾಲಿನಿಂದ ಗೋಡೆಯನ್ನು ಒದ್ದು ಮಂಚ ತೂಗಿಕೊಂಡ. ಆಮೇಲೆ ಕೈಚಾಚಿ ಪೀಠದ ಮೇಲಿದ್ದ ಮಣಿಯನ್ನು ಎತ್ತಿ ಠಣ ಠಣ ಬಾರಿಸಿದ. ನಾನು ಇನ್ನೊಂದು ಹೆಜ್ಜೆ ಹಿಂದೆ ಸರಿದೆ.

ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ. ಬಂದವರು ಬಲ್ಲಾಳರು. ನಾನು ಇದೇ ಸಮಯವೆಂದು ಮುಂದೆ ಹೋದೆ. ದೈವ ಸುಮ್ಮನಿದ್ದರೂ ಮನೆಯ ಯಜಮಾನರಾದರೂ ನಾಲ್ಕು ಮಾತು ಅನ್ನಲಿ! ಮಂಚದ ಬಳಿ ನಿಂತು, ಎರಡೂ ಕೈ ಜೋಡಿಸಿ, ಸೊಂಟ ಹೇಗೂ ಬಾಗಿಯೇ ಇದ್ದುದರಿಂದ ಇನ್ನಷ್ಟು ಬಾಗಿ, “ಬಲ್ಲಾಳರೇ, ಇವನು ನನ್ನ ಷಡ್ಡಕ. ತಿಳಿಯದೆ ದೈವದ ಮಂಚದಲ್ಲಿ ಮಲಗಿದ್ದಾನೆ. ದೊಡ್ಡ ಮನಸ್ಸು ಮಾಡಬೇಕು” ಎಂದೆ.

ಅಷ್ಟರಲ್ಲಿ ಕ್ಲಿಕ್ ಎಂದಿತು. ಸುಧಾ ಫೋಟೊ ತೆಗೆದಿದ್ದಳು.

ಬಲ್ಲಾಳರು ನನ್ನನ್ನು, ಮಂಚವನ್ನು, ದಾಸವಾಳವನ್ನು ಒಂದೊಂದಾಗಿ ನೋಡಿದರು.

“ದೈವದ್ದು ಕೆಳಗೆ ಬೀಗ ಹಾಕಿದ ಕೋಣೆಯಲ್ಲಿ ಉಂಟು ಮಾಸ್ಟ್ರೇ. ಇದು ನೀವು ಮಲಗಲಿಕ್ಕೆ ಅಂತ ಹೋದ ವರ್ಷ ಮಾಡಿಸಿದ್ದು. ಮಣಿ ನಮ್ಮನ್ನು ಕರೀಲಿಕ್ಕೆ. ನಿನ್ನೆ ಊಟ ತಯಾರು ಮಾಡಿ ಕಾದೆವು. ನೀವು ಬಾರಿಸಲೇ ಇಲ್ಲ. ಏನೋ ಉಪವಾಸದ ವ್ರತ ಉಂಟು, ಉಪದ್ರ ಕೊಡುವುದು ಬೇಡ ಅಂತ ಸುಮ್ಮನಾದೆವು” ಎಂದರು.

ಶಾರದೆ ನೆಲದಲ್ಲಿ ಹಾಸಿದ್ದ ಸೀರೆಗಳನ್ನು ಎತ್ತಿ, ಕೊಡವಿ, ಮಡಚಿ ಟ್ರಂಕಿನಲ್ಲಿಟ್ಟಳು. ಅವಳು ಕೊಡವಿದ ರೀತಿಯಲ್ಲೇ ಎಲ್ಲವೂ ಇತ್ತು.

ಮಧ್ಯಾಹ್ನದ ಊಟ ಭರ್ಜರಿಯಾಗಿತ್ತು. ಉಂಡ ಮೇಲೆ ವಾಸು ಆ ಮಂಚದಲ್ಲಿ ಸಂಜೆಯ ತನಕ ಗೊರಕೆ ಹೊಡೆದ. ರಾತ್ರಿಗಾದರೂ ಅದು ನಮ್ಮದಾಗುತ್ತದೆ ಎಂದುಕೊಂಡೆ. ಆದರೆ ಸುಧಾ, ಅಕ್ಕ ಇಷ್ಟು ಸುಸ್ತಾಗಿದ್ದಾಳೆ, ಕಾರಿನಲ್ಲಿ ಕಟಪಾಡಿಗೆ ಬಿಟ್ಟುಬಿಡುತ್ತೇವೆ ಎಂದಳು. ಶಾರದೆ ನನ್ನ ಮುಖ ನೋಡದೆಯೇ ಒಪ್ಪಿ ಚಪ್ಪಲಿ ಹಾಕಿಕೊಂಡಳು. ಕ್ಲಚ್ಚಿಗೆ ಏನೂ ಆಗಿರಲಿಲ್ಲ.

ಮಳೆಗಾಲದಲ್ಲಿ ಮಣಿಪಾಲಕ್ಕೆ ಹೋದಾಗ ನೋಡುತ್ತೇನೆ, ಆ ಫೋಟೊ ಅವರ ಚಾವಡಿಯ ಗೋಡೆಯಲ್ಲಿದೆ. ಬಣ್ಣದ್ದು, ದೊಡ್ಡದು ಮಾಡಿಸಿದ್ದು. ಹುಲಿತಲೆಯ ಮಂಚದಲ್ಲಿ ವಾಸು ಅರಸನಂತೆ ಒರಗಿದ್ದಾನೆ. ಪಕ್ಕದಲ್ಲಿ ನಾನು ಕೈಮುಗಿದು ಬಾಗಿ ನಿಂತಿದ್ದೇನೆ. ಬಂದವರೆಲ್ಲ ಅರಮನೆಯ ಆಳು ಎಷ್ಟು ವಿನಯದವನು ಎಂದು ಹೊಗಳುತ್ತಾರಂತೆ. ಹಾಗಲ್ಲ, ನಮ್ಮ ಭಾವ ಎಂದು ಸುಧಾ ತಿದ್ದುತ್ತಾಳಂತೆ. ಮೊದಮೊದಲು ತಿದ್ದುತ್ತಿದ್ದಳಂತೆ.

ಶಾರದೆ, ಸುಧಾ ಒಳಗಿದ್ದಾಗ ವಾಸು ನನ್ನ ಪಕ್ಕಕ್ಕೆ ಬಂದು ಕೂತು ನಿಟ್ಟುಸಿರು ಬಿಟ್ಟ.

“ಒಂದು ಮಾತು ಹೇಳ್ಲಾ ಭಾವ? ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗ್ತದೆ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಎಂತಕ್ಕೆ ಎಂದು ಆದಷ್ಟು ನಿರ್ಲಕ್ಷ್ಯದಿಂದ ಕೇಳಿದೆ.

“ನನಗೆ ಇಲ್ಲಿ ಡನ್ಲಪ್ ಹಾಸಿಗೆಯಲ್ಲಿ ಮಲಗಿದರೂ ನಿದ್ದೆ ಇಲ್ಲ. ಬ್ಯಾಂಕಿನ ತಲೆಬಿಸಿ. ನೀವು ಬರೀ ನೆಲದಲ್ಲಿ ಮಲಗಿ ನಿದ್ದೆ ಮಾಡ್ತೀರಲ್ಲ, ಪುಣ್ಯವಂತರು.”

ಅರಮನೆಯ ಆ ರಾತ್ರಿ ನನ್ನ ರೆಪ್ಪೆಗೆ ರೆಪ್ಪೆ ತಾಗಿರಲಿಲ್ಲ. ಅದನ್ನು ಹೇಳಬೇಕಾದದ್ದು ನ್ಯಾಯ. ಆದರೆ ಇಷ್ಟು ವರ್ಷ ಕಾದು ಸಿಕ್ಕಿದ್ದು ಇದೊಂದೇ.

“ಹೌದು ವಾಸು” ಎಂದೆ, “ತಲೆ ಇಟ್ಟರೆ ಆಯಿತು ನೋಡು, ಬೆಳಗ್ಗೆಯೇ ಎಚ್ಚರ.”