ಚಲುವಯ್ಯನ ಎಂಟು ಕೆಂಪು ಸಿಲಿಂಡರ್

ಹಾಲು ಗ್ಯಾಸ್ ಒಲೆಯ ಮೇಲೆ ಉಕ್ಕಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬೆಟ್ಟಮ್ಮ ಒಪ್ಪಲಿಲ್ಲ.

"ಹೊಸ ಕಟ್ಟಡದಾಗೆ ಮೊದ್ಲು ಸೌದೆ ಒಲೆ ಮ್ಯಾಲೆ ಹಾಲುಕ್ಕಬೇಕು. ಗ್ಯಾಸಲ್ಲಿ ಉಕ್ಕುದ್ರೆ ಅದು ಶಾಸ್ತ್ರ ಆಗಾಕಿಲ್ಲ, ಕಾಫಿ ಆಯ್ತದೆ" ಎಂದವಳು ಗಂಡನ ಹೊಸ ಪಾರ್ಟಿ ಹಾಲ್‌ನ ಅಡುಗೆಮನೆಯಲ್ಲಿ ಮೂರು ಇಟ್ಟಿಗೆ ಜೋಡಿಸಿ, ತೆಂಗಿನ ಗರಿ ತುರುಕಿ, ಕರ್ಪೂರ ಹಚ್ಚಿಯೇಬಿಟ್ಟಳು.

ಗಂಡ ಚಲುವಯ್ಯನಿಗೆ ಇದರ ಕಡೆ ಗಮನವಿರಲಿಲ್ಲ. ಅವನು ಹೊರಗೆ ಹಾಲ್‌ನಲ್ಲಿ ಸಿಲಿಂಡರ್ ಒರೆಸುತ್ತಿದ್ದ. ಗ್ಯಾಸಿನದಲ್ಲ, ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಊರವರ ಮದುವೆಗಳಿಗೆಲ್ಲ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುತ್ತ ತಲೆ ನರೆಸಿಕೊಂಡ ಮನುಷ್ಯ ಅರಕಲಗೂಡಿನ ಮೇನ್ ರೋಡಿನಲ್ಲಿ ಸ್ವಂತ ಹಾಲ್ ಕಟ್ಟಿಸಿದ್ದ. ಎಸಿ ಇತ್ತು, ಗೋಡೆ ತುಂಬ ಕನ್ನಡಿ ಇತ್ತು. ಆದರೆ ಅವನ ಎದೆ ಉಬ್ಬುತ್ತಿದ್ದದ್ದು ಆ ಎಂಟು ಸಿಲಿಂಡರ್ ನೋಡಿದಾಗ. ರಾಮನಾಥಪುರದಿಂದ ನೆಂಟರು ಬಂದರೆ ಮೊದಲು ಸಿಲಿಂಡರ್ ತೋರಿಸಿ, ಆಮೇಲೆ ದೇವರ ಫೋಟೊ ತೋರಿಸುತ್ತಿದ್ದ.

"ಪಿನ್ ಎಳ್ದು ಇಡಿ ಒತ್ತುದ್ರೆ ಆಯ್ತು. ಎಂಥಾ ಬೆಂಕಿನೂ ತಲೆ ಬಗ್ಗುಸ್ಬೇಕು" ಎನ್ನುತ್ತಿದ್ದ. ಮುಟ್ಟಲು ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ಹೊಸ ಸೋಫಾದ ಪ್ಲಾಸ್ಟಿಕ್ ಕವರನ್ನು ತಿಂಗಳುಗಟ್ಟಲೆ ತೆಗೆಯದ ಜಾತಿ ನಮ್ಮದಲ್ಲವೇ? ಚಾವಣಿಯ ಹೊಗೆ ಅಲಾರಾಮುಗಳ ಮುಚ್ಚಳವನ್ನೂ ಚಲುವಯ್ಯ ಧೂಳು ಕೂರದಿರಲಿ ಎಂದು ಹಾಗೆಯೇ ಬಿಟ್ಟಿದ್ದ.

ಅಂದು ಸಂಜೆ ಹಾಲ್‌ನಲ್ಲಿ ಮೊದಲ ಕಾರ್ಯ. ಪಕ್ಕದ ಮನೆಯ ದ್ಯಾವಯ್ಯ, ರಿಟೈರಾದ ಬಸ್ ಡ್ರೈವರ್, ಚಲುವಯ್ಯನನ್ನು ನಂಬಿ ಮೊಮ್ಮಗಳು ದೀಪಶ್ರೀಯ ನಿಶ್ಚಿತಾರ್ಥವನ್ನು ಅಲ್ಲಿಟ್ಟುಕೊಂಡಿದ್ದರು. ಅದಕ್ಕೂ ಮೊದಲು, ಬೆಳಿಗ್ಗೆ ಹನ್ನೊಂದಕ್ಕೆ ಹಾಸನದಿಂದ ಅಗ್ನಿಶಾಮಕ ಅಧಿಕಾರಿ ಬರಬೇಕು. ಅವರು ಸರ್ಟಿಫಿಕೇಟಿಗೆ ಸಹಿ ಹಾಕದಿದ್ದರೆ ಬಾಗಿಲು ತೆಗೆಯುವಂತಿಲ್ಲ. ಚಲುವಯ್ಯನ ಮಾನವೆಲ್ಲ ಆ ಒಂದು ಸಹಿಯಲ್ಲಿತ್ತು. ಸಿಲಿಂಡರ್ ಮಾರಿದ ರಜನೀಶ್ ಬೇರೆ ಒಂದು ಮಾತು ಹೇಳಿ ಹೋಗಿದ್ದ: "ಸೀಲ್ ಒಂದ್ ಒಡೀಬ್ಯಾಡಿ ಸಾ. ಒಡೆದಿದ್ರೆ ಪಾಸ್ ಮಾಡಾಕಿಲ್ಲ."

ಹಾಲು ಉಕ್ಕಿತು. ಜೊತೆಗೆ ಗರಿಯ ಕಿಡಿಯೊಂದು ಹಾರಿ, ಮೂಲೆಯಲ್ಲಿ ಸ್ಟೇಜಿಗೆಂದು ರಾಶಿ ಹಾಕಿದ್ದ ಪ್ಲಾಸ್ಟಿಕ್ ಹೂವಿನ ಮೇಲೆ ಕೂತಿತು. ಬೆಟ್ಟಮ್ಮ ಕೈಮುಗಿದು ಕಣ್ಣು ಬಿಡುವುದರೊಳಗೆ ಹೂವು, ಥರ್ಮೋಕೋಲು ಎಲ್ಲ ಧಗಧಗ ಎನ್ನುತ್ತಿದ್ದವು. ಕಪ್ಪು ಹೊಗೆ ಚಾವಣಿ ಮುಟ್ಟಿತು. ಮುಚ್ಚಳ ಹಾಕಿಕೊಂಡ ಅಲಾರಾಂ ಮಾತ್ರ ಮೌನವ್ರತ ಹಿಡಿದವರಂತೆ ಸುಮ್ಮನಿತ್ತು.

ಹೊಗೆ ಬೀದಿಗೆ ಬರುವ ಮೊದಲೇ ಎದುರಿನ ಹಾರ್ಡ್‌ವೇರ್ ಅಂಗಡಿಯ ಷಡಕ್ಷರಿ ಒಳಗೆ ಬಂದಿದ್ದ. ಊರಿನಲ್ಲಿ ಯಾರ ಮನೆಯಲ್ಲಿ ಏನೇ ಆಗಲಿ, ಸಲಹೆ ಕೊಡಲು ಮೊದಲು ಹಾಜರಾಗುವವನು ಅವನೇ. ಹಿಂದೆಯೇ ದ್ಯಾವಯ್ಯ. ಷಡಕ್ಷರಿ ಸೀದಾ ಒಂದು ಸಿಲಿಂಡರಿಗೆ ಕೈ ಹಾಕಿದ. ಚಲುವಯ್ಯ ಎರಡೂ ಕೈ ಅಗಲಿಸಿ ಅಡ್ಡ ನಿಂತ.

"ಮುಟ್ಬ್ಯಾಡ ಕಣಪ್ಪ."

"ಬೆಂಕಿ ಬಿದ್ದೈತಲ್ಲಯ್ಯ."

"ಬಿದ್ರೆ ಬೀಳ್ಲಿ. ಸೀಲ್ ಒಡುದ್ರೆ ಸಹಿ ಓಯ್ತದೆ. ಹನ್ನೊಂದ್ ಗಂಟೆ ತಂಕ ತಡ್ಕಳಿ, ಆಮ್ಯಾಲೆ ಎಷ್ಟ್ ಬೇಕಾದ್ರೂ ಒಡೀರಿ."

"ಹನ್ನೊಂದ್ ಗಂಟೆ ತಂಕ ತಡ್ಕಳಾಕೆ ಬೆಂಕಿನೂ ನಮ್ ಬಸ್ಸಾ?" ಎಂದರು ದ್ಯಾವಯ್ಯ.

"ಇಲ್ಲಿ ಅಡ್ಗೆಮನೆ ಉರೀತೈತೆ, ಈಯಪ್ಪ ಡಬ್ಬ ಕಾಯ್ತಾ ನಿಂತವ್ನೆ" ಎಂದು ಬೈದುಕೊಂಡೇ ಬೆಟ್ಟಮ್ಮ ಬಂದವರಿಗೆಂದು ಒಗ್ಗರಣೆ ಹಾಕಿ ಮಾಡಿಟ್ಟಿದ್ದ ನೀರುಮಜ್ಜಿಗೆಯ ಕೊಳಗವನ್ನು ಎತ್ತಿ ಬೆಂಕಿಗೆ ಸುರಿದಳು. ದ್ಯಾವಯ್ಯ ಜಮಖಾನ ಒದ್ದೆ ಮಾಡಿ ಹೊದಿಸಿದರು. ಷಡಕ್ಷರಿ ಬೀದಿಯಲ್ಲಿದ್ದ ಮರಳನ್ನು ಬಾಂಡ್ಲಿಯಲ್ಲಿ ತುಂಬಿ ತಂದು ಎರಚಿದ. ಚಲುವಯ್ಯನೂ ದುಡಿದ, ಆದರೆ ಒಂದು ಕಣ್ಣು ಸಿಲಿಂಡರಿನ ಮೇಲೆಯೇ ಇತ್ತು. ಅಂತೂ ಬೆಂಕಿ ಆರಿತು. ಗೋಡೆ ತಾನು ಹೊಸದು ಎಂಬುದನ್ನೇ ಮರೆತು ಹಂಚಿನ ತಳದಂತಾಯಿತು. ಅದರ ಮೇಲೆ ‘ಸುಸ್ವಾಗತ’ ಬ್ಯಾನರ್ ಬಿಗಿದು, ಎರಡು ಕಟ್ಟು ಊದುಬತ್ತಿ ಹಚ್ಚಿದರು.

ಅಧಿಕಾರಿ ಅನುಶ್ರೀ ಹೇಳಿದ ಹೊತ್ತಿಗೆ ಬಂದರು. ಖಾಕಿ ತೊಟ್ಟ, ನಗು ಕಡಿಮೆಯ ಹೆಣ್ಣುಮಗಳು. ಒಳಗೆ ಕಾಲಿಟ್ಟವರೇ ಮೂಗು ಅರಳಿಸಿದರು.

"ಏನಿದು ವಾಸನೆ?"

"ಪೂಜೆ ಆಯ್ತು ಮೇಡಂ."

"ಪೂಜೆಗೆ ಇಂಗು, ಕರಿಬೇವು ಹಾಕ್ತೀರಾ?"

"ನಮ್ಮಲ್ಲಿ ಅಂಗೇಯ ಮೇಡಂ" ಎಂದ ಚಲುವಯ್ಯ. ಬೆಟ್ಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅನುಶ್ರೀ ಅಲಾರಾಮಿನ ಮುಚ್ಚಳ ತೆಗೆಸಿ ಪರೀಕ್ಷಿಸಿದರು. ಅದು ಕಿರುಚಿದ್ದು ಕೇಳಿ ಸಮಾಧಾನಪಟ್ಟರು. ಆಮೇಲೆ ಒಂದೊಂದೇ ಸಿಲಿಂಡರ್ ನೋಡಿದರು. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿತ್ತು, ತಾರೀಖು ಸರಿಯಿತ್ತು, ಸೀಲು ಕನ್ಯೆಯಂತೆ ಅಖಂಡವಾಗಿತ್ತು.

"ಇಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡೋರನ್ನ ನಾನು ನೋಡಿರಲಿಲ್ಲ" ಎಂದರು.

ಚಲುವಯ್ಯನ ಜೀವಮಾನದಲ್ಲಿ ಸರ್ಕಾರದ ಕಡೆಯವರು ಅವನನ್ನು ಹೊಗಳಿದ್ದು ಅದೇ ಮೊದಲು. ಅವನ ಕಣ್ಣಲ್ಲಿ ನೀರೇ ಬಂತು. ದ್ಯಾವಯ್ಯನ ಕಡೆ, ಷಡಕ್ಷರಿಯ ಕಡೆ, ಕೊನೆಗೆ ಹೆಂಡತಿಯ ಕಡೆ ತಿರುಗಿ ನೋಡಿದ.

"ಇಟ್ಟರೆ ಸಾಲದು, ಬಳಸೋಕೂ ಬರಬೇಕು. ಒಂದನ್ನ ಬಳಸಿ ತೋರಿಸಿ."

"ಸೀಲ್ ಓಯ್ತದಲ್ಲ ಮೇಡಂ?"

"ಇರೋದೇ ಬಳಸೋಕೆ ಅಲ್ವಾ?"

ಹಿತ್ತಲಿನಲ್ಲಿ ಹಳೇ ಗೋಣಿಚೀಲಕ್ಕೆ ಬೆಂಕಿ ಹಚ್ಚಿದರು. ಚಲುವಯ್ಯ ದೇವರನ್ನು ನೆನೆದು ಪಿನ್ ಎಳೆದ, ಬೆಂಕಿಯ ಬುಡಕ್ಕೆ ಗುರಿಯಿಟ್ಟು ಹಿಡಿ ಒತ್ತಿ, ಆ ಕಡೆ ಈ ಕಡೆ ಬೀಸಿದ. ಬುಸ್ಸೆಂದು ಬಿಳಿ ಪುಡಿ ಹಾರಿತು. ಗೋಣಿಚೀಲ ತಣ್ಣಗಾಯಿತು.

"ತುಂಬಾ ಸರಿ. ಮೇಲಿನ ನೀರಿನ ಟ್ಯಾಂಕ್ ನೋಡಿ ಬಂದು ಸಹಿ ಹಾಕ್ತೀನಿ" ಎಂದು ಅನುಶ್ರೀ ಮೆಟ್ಟಿಲು ಹತ್ತಿದರು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಷಡಕ್ಷರಿ ಗೊಣಗಿದ: "ಒಂದ್ ಕೆಲ್ಸ ಮಾಡ್ತು ಸರಿ. ಮಿಕ್ಕಿದ್ ಏಳು ಬರೀ ಡಬ್ಬನೋ ಏನೋ. ಆ ರಜನೀಶನ್ನ ನಂಬಂಗಿಲ್ಲ."

ಚಲುವಯ್ಯನಿಗೆ ಅದು ಹೆತ್ತ ಮಕ್ಕಳನ್ನು ಅಂದಂತಾಯಿತು. "ಡಬ್ಬನಾ? ತಗೊ, ನೀನೇ ಒತ್ತಿ ನೋಡು."

ಷಡಕ್ಷರಿ ಒತ್ತಿದ. ಬುಸ್ಸೆಂದಿತು. "ಇದೊಂದ್ ಸರಿಯಾಗೈತೆ ಬುಡು" ಎಂದ. ಇನ್ನೊಂದು ಬಂತು. ಬಸ್ಸಿನಲ್ಲಿ ಕೆಂಪು ಡಬ್ಬವನ್ನು ಮೂವತ್ತು ವರ್ಷ ಬೆನ್ನ ಹಿಂದೆಯೇ ಇಟ್ಟುಕೊಂಡು ಒಂದು ಸಲವೂ ಮುಟ್ಟದ ದ್ಯಾವಯ್ಯ, "ನಂಗೂ ಒಂದ್ ಕೊಡ್ಲಾ" ಎಂದು ಕೈ ಚಾಚಿದರು. ಬೆಳಿಗ್ಗೆಯಿಂದ ಹಲ್ಲು ಕಚ್ಚಿಕೊಂಡಿದ್ದ ಬೆಟ್ಟಮ್ಮ ಕೇಳದೆಯೇ ಒಂದನ್ನು ತೆಗೆದುಕೊಂಡಳು. ಪ್ರತಿಯೊಂದು ಬುಸ್ಸೆಂದಾಗಲೂ ಚಲುವಯ್ಯ, "ಏನಂದೆ? ಡಬ್ಬನಾ?" ಎನ್ನುತ್ತಿದ್ದ. ಹಿತ್ತಲು ಹಿಟ್ಟಿನ ಗಿರಣಿಯಂತಾಯಿತು.

ಕೆಳಗಿಳಿದು ಬಂದ ಅನುಶ್ರೀಗೆ ನಾಲ್ಕು ಬಿಳಿ ಆಕೃತಿಗಳೂ ಎಂಟು ಸಿಲಿಂಡರುಗಳೂ ಕಂಡವು.

"ಎಲ್ಲಾ ಖಾಲಿ ಮಾಡಿದ್ರಾ?"

"ಒಂದೂ ಫೇಲಾಗ್ಲಿಲ್ಲ ಮೇಡಂ" ಎಂದ ಚಲುವಯ್ಯ ಎದೆಯುಬ್ಬಿಸಿ.

"ಈಗ ಬೆಂಕಿ ಬಿದ್ರೆ ಯಾವುದರಲ್ಲಿ ಆರಿಸ್ತೀರಿ? ಇವೆಲ್ಲ ಹಾಸನಕ್ಕೆ ಹೋಗಿ ಮತ್ತೆ ತುಂಬಿಸ್ಕೊಂಡು ಬರಲಿ. ಆಮೇಲೆ ಸಹಿ" ಎಂದು ಅವರು ಪೆನ್ನಿಗೆ ಕ್ಯಾಪ್ ಹಾಕಿದರು.

"ಸಂಜೆಗೆ ಗಂಡಿನೋರು ಬತ್ತಾರಲ್ಲವ್ವ" ಎಂದರು ದ್ಯಾವಯ್ಯ ಹುಬ್ಬಿನ ಪುಡಿ ಒರೆಸಿಕೊಳ್ಳುತ್ತ. ಆಗ ಚಲುವಯ್ಯನಿಗೆ ಒಂದು ಉಪಾಯ ಹೊಳೆಯಿತು. ಬೆಟ್ಟಮ್ಮ ಕಣ್ಣು ಬಿಟ್ಟು ತಲೆ ಅಲ್ಲಾಡಿಸಿದರೂ ಅವನು ನೋಡಲಿಲ್ಲ.

"ಸಿಲಿಂಡರ್ ಇಲ್ದೇನೂ ಆರುಸ್ತೀವಿ ಮೇಡಂ. ಬೆಳಿಗ್ಗೆ ಅಡ್ಗೆಮನೆಗೆ ಬೆಂಕಿ ಬಿದ್ದಿತ್ತು, ಒಂದ್ ಸೀಲೂ ಒಡೀದಂಗೆ ಬರೀ ಮಜ್ಗೇಲಿ ಆರುಸ್ದೋ. ಬೇಕಾರೆ ನೋಡ್ಬನ್ನಿ" ಎಂದು ತಾನೇ ಕರೆದುಕೊಂಡು ಹೋಗಿ ಹೆಮ್ಮೆಯಿಂದ ಬ್ಯಾನರ್ ಎತ್ತಿದ.

ಅನುಶ್ರೀ ಕಪ್ಪು ಗೋಡೆಯ ಮಸಿಯನ್ನು ಬೆರಳಿನಿಂದ ಉಜ್ಜಿ ನೋಡಿದರು.

"ಎಂಟು ಸಿಲಿಂಡರ್ ಇದ್ದೂ ಯಾಕೆ ಮುಟ್ಟಲಿಲ್ಲ?"

"ಸೀಲ್ ಒಡುದ್ರೆ ಸಹಿ ಹಾಕಾಕಿಲ್ಲ ಅಂತ ಮಾರ್ದೋನು ಅಂದಿದ್ದ ಮೇಡಂ."

"ಚಲುವಯ್ಯನೋರೇ, ಇಷ್ಟು ದೊಡ್ಡ ಹಾಲ್‌ಗೆ ಬೇಕಾಗಿದ್ದೇ ಆರು. ಬೆಳಿಗ್ಗೆ ಬೆಂಕಿಗೆ ಒಂದು, ನನಗೆ ತೋರಿಸೋಕೆ ಒಂದು, ಎರಡೂ ಹೋಗಿದ್ರೂ ಸಹಿ ಹಾಕಿ ಹೋಗ್ತಿದ್ದೆ. ಈಗ ಈ ಅಡುಗೆಮನೆಯ ಸುಟ್ಟ ವೈರಿಂಗ್ ಕೂಡ ಬದಲಾಯಿಸಿ ಕರೀರಿ."

ಜೀಪು ಹೊರಟಿತು. ದ್ಯಾವಯ್ಯ ಆಗಲೇ ಫೋನ್ ಕಿವಿಗಿಟ್ಟುಕೊಂಡು ಪೇಟೆ ಬೀದಿಯ ಹಳೇ ಛತ್ರ ಸಂಜೆಗೆ ಖಾಲಿಯಿದೆಯೇ ಎಂದು ಕೇಳುತ್ತಿದ್ದರು. ಆ ಛತ್ರದಲ್ಲಿ ಸಿಲಿಂಡರ್ ಇರಲಿ, ಒಂದು ಬಕೆಟ್ ಮರಳೂ ಇರಲಿಲ್ಲ. ಬೆಟ್ಟಮ್ಮ ಪೊರಕೆ ತಂದು ಗಂಡನ ಮುಂದೆ ಎಸೆದಳು.

ಚಲುವಯ್ಯ ಪೊರಕೆ ಎತ್ತಿಕೊಂಡ. ಹಿತ್ತಲಿನ ಪುಡಿ ಅರ್ಧ ಗುಡಿಸಿದವನು ನಿಂತು, ಷಡಕ್ಷರಿಯ ಅಂಗಡಿಗೆ ಕೇಳಿಸುವಂತೆ ಕೂಗಿದ:

"ಎಂಟಕ್ಕೆ ಎಂಟೂ ಕೆಲ್ಸ ಮಾಡುದ್ವು ಕಣ್ಲಾ."