ಬೀಗರು ಕೊಟ್ಟ ಡ್ರೈವರ್

ಈ ಭಾನುವಾರ ಬೀಗರ ಕಣ್ಣೆದುರಿಗೇ ಚೆಂಡನ್ನು ಗೆರೆ ಎಳೆದ ಹಾಗೆ ನೇರಕ್ಕೆ ಹೊಡೆಯುವುದು. ಹೊಡೆಯದಿದ್ದರೆ ಗಾಲ್ಫ್ ಮೈದಾನದ ಹುಲ್ಲನ್ನು ಇನ್ನೆಂದೂ ತುಳಿಯದಿರುವುದು! ಶನಿವಾರ ಬೆಳಿಗ್ಗೆ ತೂಕದ ಸಾಹೇಬರು ಬಚ್ಚಲುಮನೆಯ ಕನ್ನಡಿಯನ್ನು ಸಾಕ್ಷಿಯಾಗಿಟ್ಟುಕೊಂಡು ಈ ಪ್ರತಿಜ್ಞೆ ಮಾಡಿದರು. ಬಾಯಿ ತುಂಬ ಪೇಸ್ಟಿನ ನೊರೆ ಇದ್ದುದರಿಂದ ಪ್ರತಿಜ್ಞೆಯ ಅರ್ಧಭಾಗ ಕನ್ನಡಿಗೇ ಸಿಡಿಯಿತು.

"ಬೆಳಿಗ್ಗೆ ಬೆಳಿಗ್ಗೆ ಯಾರ ಮೇಲೆ ರೇಗ್ತಿದೀರಿ?" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

"ಚೆಂಡಿನ ಮೇಲೆ."

"ಸರಿ, ಅದಾದ್ರೂ ನಿಮ್ಮ ಮಾತು ಕೇಳುತ್ತೇನೋ ನೋಡಿ."

ಕೇಳುತ್ತಿರಲಿಲ್ಲ. ಅದೇ ಸಾಹೇಬರ ಸಂಕಟ. ಮಗಳ ಮದುವೆಯಾದ ಮೇಲೆ ಬೀಗರು ಬಲವಂತ ಮಾಡಿ ಅವರನ್ನು ಗಾಲ್ಫಿಗೆ ಎಳೆದಿದ್ದರು. ಸಾಹೇಬರು ಎಡಗಣ್ಣು ಮುಚ್ಚಿ ಹೊಡೆಯಲಿ, ಬಲಗಣ್ಣು ಮುಚ್ಚಿ ಹೊಡೆಯಲಿ, ಚೆಂಡು ಸ್ವಲ್ಪ ದೂರ ಮರ್ಯಾದೆಯಿಂದ ಹೋಗಿ, ಆಮೇಲೆ ಏನೋ ಮರೆತು ಬಂದ ಹಾಗೆ ಬಲಕ್ಕೆ ತಿರುಗಿಬಿಡುತ್ತಿತ್ತು. ಕಳೆದ ವಾರವಂತೂ ಮೈದಾನದ ಕ್ಯಾಂಟೀನಿನ ಜಗಲಿಯ ಮೇಲೆ ಟೀ ಕುಡಿಯುತ್ತಿದ್ದವರ ಮಧ್ಯೆ ಹೋಗಿ ಕೂತಿತು. ಬೀಗರು ಬೆನ್ನು ತಟ್ಟಿ, "ಪರವಾಗಿಲ್ಲ ಬೀಗರೇ" ಎಂದರು. ಈ 'ಪರವಾಗಿಲ್ಲ' ಕೇಳಿದರೆ ಸಾಹೇಬರಿಗೆ ಮೈಯೆಲ್ಲ ಉರಿಯುತ್ತಿತ್ತು. ತನಗೆ ಈವರೆಗೆ 'ಪರವಾಗಿಲ್ಲ' ಅಂದವರೇ ಇರಲಿಲ್ಲ.

ಯಾಕೆಂದರೆ ಅವರ ನೌಕರಿ ಅಂಥದು. ಅಂಗಡಿಗಳಿಗೆ ನುಗ್ಗಿ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸಿ ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ದಂಡ ಹಾಕುವುದು. ಅವರು ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯವರೆಗೂ ವ್ಯಾಪಾರಿಗಳ ಹೆಬ್ಬೆರಳುಗಳು ತಕ್ಕಡಿಯಿಂದ ತಾವಾಗಿಯೇ ಮೇಲೇಳುತ್ತಿದ್ದವು. ಸಿಕ್ಕಿಬಿದ್ದವರು ಹೇಳುವುದೂ ಒಂದೇ ಮಾತು: "ಸ್ವಲ್ಪ ಸರಿದೂಗಿಸೋಕೆ ಇಟ್ಟಿದ್ದೆ ಸಾಹೇಬ್ರೇ." ಅದಕ್ಕೆ ಸಾಹೇಬರ ಉತ್ತರವೂ ಒಂದೇ: "ಎಲ್ಲರೂ ಹಾಗೇ ಹೇಳ್ತಾರೆ." ಆಮೇಲೆ ಸ್ಟೂಲು ಎಳೆದು ಕೂತು ರಸೀದಿ ಬರೆಯುತ್ತಿದ್ದರು. ಮನೆಯ ಷೋಕೇಸಿನಲ್ಲಿ, ಮಗಳು ಓಟದಲ್ಲಿ ಗೆದ್ದ ಕಪ್ಪಿನ ಪಕ್ಕದಲ್ಲಿ, ಹುಣಿಸೆ ಬೀಜದಷ್ಟು ದೊಡ್ಡ ಸೀಸದ ಚೂರೊಂದು ವಿರಾಜಿಸುತ್ತಿತ್ತು. ಹಿಂದಿನ ಬೀದಿಯ ಪಾತ್ರೆ ಅಂಗಡಿಯವನು ಹಳೇ ತಾಮ್ರ ಕೊಳ್ಳುವಾಗ ತಕ್ಕಡಿಯ ತಟ್ಟೆಯಡಿ ಅಂಟಿಸಿಕೊಂಡಿದ್ದ ಚೂರು ಅದು. ಸಾಹೇಬರು ಅವನೆದುರಿಗೇ ಅದನ್ನು ಕಿತ್ತು, ಕಬ್ಬಿಣದ ಮೊಳೆಯಿಂದ ಅಡ್ಡಗೀಟಿನ ಗುರುತು ಹೊಡೆದು, ಬೇಟೆಗಾರ ಹುಲಿಯ ಉಗುರು ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದರು.

ಇಂಥವರ ಕೈಗೆ ಬೀಗರು ತಮ್ಮ ಪ್ರಾಣಕ್ಕಿಂತ ಹೆಚ್ಚಾದ ಡ್ರೈವರನ್ನು ಒಂದು ವಾರದ ಮಟ್ಟಿಗೆ ಕೊಟ್ಟಿದ್ದರು.

"ಡ್ರೈವರ್ ಕೊಟ್ಟರಂತೆ? ಕಾರೂ ಕೊಡಬಹುದಿತ್ತು" ಎಂದಿದ್ದರು ಹೆಂಡತಿ.

"ಡ್ರೈವರ್ ಅಂದ್ರೆ ಕೋಲು ಕಣೇ. ಚೆಂಡನ್ನ ಅತೀ ದೂರ ಹೊಡೆಯೋ ಕೋಲು."

ಅದರ ತಲೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು. ತಲೆಯ ಅಡಿಯಲ್ಲಿ ಎರಡು ತೂತು. ಒಂದು ಕೋಲಿನ ಹತ್ತಿರ, ಹಿಮ್ಮಡಿಯ ಕಡೆ. ಇನ್ನೊಂದು ಆಚೆ ತುದಿಯಲ್ಲಿ. ಎರಡಕ್ಕೂ ಒಂದೊಂದು ತಿರುಪು. ಒಂದು ಭಾರದ್ದು, ಒಂದು ಹಗುರದ್ದು. ಭಾರದ್ದನ್ನು ತುದಿಗೆ ಹಾಕಿದರೆ ಚೆಂಡು ಬಲಕ್ಕೆ ವಾಲುತ್ತದೆ, ಹಿಮ್ಮಡಿಗೆ ಹಾಕಿದರೆ ಎಡಕ್ಕೆ. "ನನ್ನ ಚೆಂಡು ಎಡಕ್ಕೆ ಓಡುತ್ತೆ. ಅದಕ್ಕೆ ಭಾರ ತುದಿಗೆ ಇಟ್ಕೊಂಡಿದೀನಿ" ಎಂದು ಬೀಗರು ವಿವರಿಸಿದ್ದರು. "ಸದ್ಯಕ್ಕೆ ಹಿಡಿತ ಅಭ್ಯಾಸ ಮಾಡ್ಕೊಳ್ಳಿ. ತಿರುಪು ಮಾತ್ರ ಮುಟ್ಟಬೇಡಿ. ಅದನ್ನ ತಿರುಗಿಸೋಕೆ ಬೇರೆ ಕೀಲಿ ಇದೆ, ಭಾನುವಾರ ತಂದು ನಾನೇ ನಿಮಗೆ ಹೊಂದಿಸಿ ಕೊಡ್ತೀನಿ."

ಮುಟ್ಟಬೇಡಿ! ತೂಕದ ಇಲಾಖೆಯವರಿಗೆ ತೂಕ ಮುಟ್ಟಬೇಡಿ ಅನ್ನುವುದೇ? ಈ ಮಾತು ವಾರವಿಡೀ ಸಾಹೇಬರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಶನಿವಾರ ಮಧ್ಯಾಹ್ನ ಊಟವಾದದ್ದೇ, ಬೀರು ಜೋಡಿಸುವಾಗ ಉಳಿದಿದ್ದ ಸಣ್ಣ ಕೀಲಿಯನ್ನು ಹುಡುಕಿ ತೆಗೆದು, ಬೆಳಕು ಚೆನ್ನಾಗಿರುವ ಅಡುಗೆಮನೆಯ ಕಟ್ಟೆಯ ಮೇಲೆ ಡ್ರೈವರನ್ನು ತಲೆಕೆಳಗಾಗಿ ಮಲಗಿಸಿದರು.

"ರೀ, ಅವರ ವಸ್ತು ಅದು" ಎಂದರು ಹೆಂಡತಿ. "ಹೆಚ್ಚುಕಮ್ಮಿಯಾದ್ರೆ ಮಾತು ಕೇಳೋಳು ನಮ್ಮ ಮಗಳು. ಅದರ ಬದಲು ನಮ್ಮ ಕುಕ್ಕರ್ ನೋಡಿ. ಅದರ ವಾಲ್ವ್ ತನ್ನಿ ತನ್ನಿ ಅಂತ ಹೇಳಿ ನನ್ನ ನಾಲಿಗೆ ಸವೆದುಹೋಯ್ತು."

"ನಾನು ಬರೀ ಒರೆಸ್ತಿದೀನಿ."

ಹೆಂಡತಿ ಬಟ್ಟೆ ಮಡಿಸಲು ಒಳಗೆ ಹೋದ ತಕ್ಷಣ ಸಾಹೇಬರು ಎರಡೂ ತಿರುಪು ಬಿಚ್ಚಿದರು. ಹಗುರದ್ದನ್ನು ತುದಿಯ ತೂತಿಗೆ ಹಾಕಿ ಬಿಗಿದರು. ಭಾರದ್ದನ್ನು ಕೈಗೆತ್ತಿಕೊಳ್ಳಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳು. ಕಟ್ಟೆಯ ಹತ್ತಿರ ಸಿಗ್ನಲ್ ಇರುವುದಿಲ್ಲವೆಂದು ಡ್ರೈವರನ್ನು ಕಂಕುಳಲ್ಲಿ ಅವುಚಿಕೊಂಡು ಬಾಲ್ಕನಿಗೆ ಓಡಿದರು.

"ಅಪ್ಪ, ಆ ಕೋಲು ಜೋಪಾನ. ಮಾವ ಅದನ್ನ ಇವರಿಗೇ ಮುಟ್ಟೋಕೆ ಬಿಡೋದಿಲ್ಲ. 'ನಿಮ್ಮಪ್ಪನ ಕೈಲಿ ಕೊಟ್ಟರೆ ಮಾತ್ರ ನನಗೆ ಯೋಚನೆ ಇಲ್ಲ, ಅವರದ್ದು ಅಷ್ಟು ಖಡಕ್' ಅಂತ ಎಲ್ಲರ ಮುಂದೆ ಹೇಳಿದ್ರು. ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ?"

ಸಾಹೇಬರಿಗೂ ಹೆಮ್ಮೆಯಾಯಿತು. ಮಾತು ಮುಗಿಸಿ, ಎದೆ ಉಬ್ಬಿಸಿಕೊಂಡು ಅಡುಗೆಮನೆಗೆ ಬಂದರು. ಕಟ್ಟೆ ಖಾಲಿ.

ಭಾರದ ತಿರುಪು ಇಲ್ಲ. ಹೆಂಡತಿಯೂ ಇಲ್ಲ, ಬಾಗಿಲ ಮೊಳೆಯಲ್ಲಿರುತ್ತಿದ್ದ ಕೈಚೀಲವೂ ಇಲ್ಲ. ಸಾಹೇಬರು ಕಟ್ಟೆಯ ಕೆಳಗೆ ಮೊಣಕಾಲೂರಿ ನೋಡಿದರು. ಡಬ್ಬಿಗಳನ್ನು ಸರಿಸಿದರು. ಹಿಟ್ಟಿನ ಡಬ್ಬಿಯಲ್ಲಿ ಮೊಣಕೈವರೆಗೂ ಕೈ ಹಾಕಿದರು. ಕೊನೆಗೆ ಸಂಶಯವೆಲ್ಲ ಸಿಂಕಿನ ಮೇಲೆ ಬಂತು. ಉರುಳಿ ಒಳಗೆ ಬಿದ್ದಿದೆ ಎಂದು ತೀರ್ಮಾನಿಸಿ ಕೆಳಗಿನ ಪೈಪು ಬಿಚ್ಚಿದರು. ತಿರುಪು ಬರಲಿಲ್ಲ, ಮಧ್ಯಾಹ್ನ ತೊಳೆದ ಪಾತ್ರೆಗಳ ನೀರೆಲ್ಲ ಬಂತು.

ಆ ಹೊತ್ತಿಗೆ ಸರಿಯಾಗಿ ಹೆಂಡತಿ ಚೀಲ ಹಿಡಿದು ಬಂದರು. ಹಿಟ್ಟು ಮೆತ್ತಿದ ಗಂಡ ನೀರಿನ ಮಧ್ಯೆ ಕೂತಿರುವುದನ್ನು ಬಾಗಿಲಲ್ಲೇ ನಿಂತು ನೋಡಿದರು.

"ಏನ್ ಹುಡುಕ್ತಿದೀರಿ?"

"ವೆಯ್ಟ್."

"ಕುಕ್ಕರ್ ಮೇಲೇ ಇದೆಯಲ್ರೀ."

"ಆ ವೆಯ್ಟ್ ಅಲ್ಲ."

"ಮತ್ತೆ ನಿಮ್ಮ ವೆಯ್ಟಾ? ಅದು ಎಲ್ಲೂ ಹೋಗಿಲ್ಲ, ಹಾಗೇ ಇದೆ."

ಡ್ರೈವರಿನ ತಿರುಪು ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೇಳುವುದು ಹೇಗೆ? ಬರೀ ಒರೆಸುತ್ತಿದ್ದೇನೆ ಎಂದು ಆಗಲೇ ಹೇಳಿ ಆಗಿತ್ತು. ಸಾಹೇಬರು ಪೈಪನ್ನು ಮತ್ತೆ ಜೋಡಿಸತೊಡಗಿದರು. ಹೆಂಡತಿ ಮಾತ್ರ ನೆಲ ಒರೆಸುತ್ತಾ, "ಇರಲಿ, ಅಂತೂ ನಾನು ಹೇಳಿದ್ದು ನೆನಪಾಯ್ತಲ್ಲ, ಅಷ್ಟೇ ಸಾಕು" ಎಂದು ಅಪರೂಪಕ್ಕೆ ನಕ್ಕರು. ಸಿಂಕಿನ ಪೈಪು ಸೋರುತ್ತದೆ ಎಂದು ಹಿಂದೊಮ್ಮೆ ಹೇಳಿದ್ದರು, ಅದೇ ಇರಬೇಕೆಂದು ಸಾಹೇಬರು ಹೂಂಗುಟ್ಟಿದರು.

ಸಂಜೆ ಅವರ ಕಣ್ಣು ಷೋಕೇಸಿನ ಮೇಲೆ ಬಿತ್ತು.

ಸೀಸದ ಚೂರು. ಗಾತ್ರ ಸರಿ, ಭಾರವೂ ಹೆಚ್ಚುಕಡಿಮೆ ಸರಿ. ಒಂದು ಕ್ಷಣ ಅವರ ಅಂತಃಸಾಕ್ಷಿ ಕೆಮ್ಮಿತು. ಸಾಹೇಬರು ಅದಕ್ಕೆ ಬೆನ್ನು ಮಾಡಿ ನಿಂತು, ಚೂರನ್ನು ಹಿಮ್ಮಡಿಯ ತೂತಿಗೆ ತುರುಕಿ, ಸುತ್ತಲೂ ಪೈಪಿಗೆ ಹಚ್ಚುವ ಅಂಟು ಮೆತ್ತಿ, ಮೇಲೆ ಬೆಳ್ಳಿ ಬಣ್ಣ ಬಳಿದರು. ದೂರದಿಂದ ನೋಡಿದರೆ ತಿರುಪೇ. ಇಡೀ ಬೀದಿಯ ಕಳ್ಳತೂಕ ಹಿಡಿದ ಕೈ, ತಾನೇ ಒಂದು ಕಳ್ಳತೂಕ ತಯಾರಿಸಿತ್ತು. ಮಾಡಿದ ಕೆಲಸ ಅಚ್ಚುಕಟ್ಟಾಗಿತ್ತು, ಅದು ಬೇರೆ ಮಾತು.

ಭಾನುವಾರ ಬೀಗರು ಬಿಳಿ ಟೋಪಿ ಹಾಕಿಕೊಂಡು, ಚಹಾದ ಫ್ಲಾಸ್ಕು ಹಿಡಿದು ಮೈದಾನದಲ್ಲಿ ಕಾಯುತ್ತಿದ್ದರು. ಜೇಬಿನಿಂದ ಕೀಲಿ ತೆಗೆದು ಕೈ ಚಾಚಿದರು. "ತನ್ನಿ ಬೀಗರೇ, ಭಾರ ಆ ಕಡೆಯಿಂದ ಈ ಕಡೆಗೆ ಬದಲಾಯಿಸಿ ಕೊಡ್ತೀನಿ."

"ಬೇಡ ಬೀಗರೇ, ಹೀಗೇ ಕೈ ಕೂತಿದೆ" ಎಂದು ಸಾಹೇಬರು ಕೋಲಿನ ತಲೆಯನ್ನು ಹುಲ್ಲಿಗೆ ಒತ್ತಿ ಹಿಡಿದರು.

"ಒಂದು ನಿಮಿಷದ ಕೆಲಸ."

"ನೀವು ಆ ಕಡೆ ನಿಂತು ನೋಡಿ. ಚೆಂಡು ಹೇಗೆ ಹೋಗುತ್ತೆ ಅಂತ."

ಬೀಗರು ಬಲಗಡೆಗೆ ಸರಿದು, ಫ್ಲಾಸ್ಕನ್ನು ಕಾಲ ಬಳಿ ಇಟ್ಟು ನಿಂತರು. ಸಾಹೇಬರು ಉಸಿರು ಬಿಗಿಹಿಡಿದು, ಕಚೇರಿಯ ಮೇಲಧಿಕಾರಿಗಳನ್ನೆಲ್ಲ ನೆನೆದು, ಬೀಸಿದರು.

ಚೆಂಡು ನೇರಕ್ಕೆ ಹೋಯಿತು. ನಿಜವಾಗಿಯೂ ನೇರಕ್ಕೆ, ಗೆರೆ ಎಳೆದ ಹಾಗೆ! ಬಲಕ್ಕೆ ಹೋದದ್ದು ಸೀಸದ ಚೂರು. ಅದು ಅಂಟಿನ ಸಮೇತ ಹಾರಿ ಬೀಗರ ಫ್ಲಾಸ್ಕಿಗೆ 'ಠಣ್' ಎಂದು ಬಡಿದು, ಅವರ ಬೂಟಿನ ಮುಂದೆ ಬಿತ್ತು.

ಬೀಗರು ಬಗ್ಗಿ ಎತ್ತಿಕೊಂಡರು. ಮೂಸಿ ನೋಡಿದರು. ಹತ್ತಿರ ಬಂದು ಡ್ರೈವರನ್ನು ತೆಗೆದುಕೊಂಡು ತಿರುವಿ ಹಾಕಿದರು. ಹಿಮ್ಮಡಿಯ ತೂತು ಬಾಯಿ ತೆರೆದುಕೊಂಡಿತ್ತು.

"ಏನಿದು ಬೀಗರೇ?"

"ಅದು... ಸ್ವಲ್ಪ ಸರಿದೂಗಿಸೋಕೆ..."

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತೆಂದು ಸಾಹೇಬರಿಗೆ ಹೊಳೆಯಿತು. ಕಿವಿಯ ತುದಿಯವರೆಗೂ ಬಿಸಿಯಾಯಿತು. ತಿರುಪು ಕಳೆದುಹೋಗಿದೆ ಎಂದು ತಡವರಿಸುತ್ತಾ ಒಪ್ಪಿಕೊಂಡರು.

ಬೀಗರು ಅಂದು 'ಪರವಾಗಿಲ್ಲ' ಎನ್ನಲಿಲ್ಲ. "ಹೇಳಿದ್ದರೆ ನಾನೇ ಬಿಚ್ಚಿ ತೋರಿಸ್ತಿದ್ದೆ" ಎಂದಷ್ಟೇ ಹೇಳಿ ಸೀಸದ ಚೂರನ್ನು ಜೇಬಿಗೆ ಹಾಕಿಕೊಂಡರು. ಊಟಕ್ಕೆ ಮನೆಗೆ ಬರುವುದೆಂದು ಮೊದಲೇ ಮಾತಾಗಿತ್ತು, ಬಂದರು. ದಾರಿಯುದ್ದಕ್ಕೂ ಬೀಗರು ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದರು. ಇಷ್ಟು ದಿನ ಬೇಡವಾಗಿದ್ದ ಆ 'ಪರವಾಗಿಲ್ಲ'ಕ್ಕೆ ಸಾಹೇಬರು ಈಗ ಬಾಯಿ ಬಿಟ್ಟು ಕಾಯುತ್ತಿದ್ದರು. ಸಂಜೆ ಮಗಳಿಗೆ ಈ ಸುದ್ದಿ ಮುಟ್ಟುತ್ತದೆ. 'ಅವರದ್ದು ಅಷ್ಟು ಖಡಕ್' ಎಂಬ ಮಾತು ನೆನಪಾಗಿ ಸಾಹೇಬರು ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಮನೆಯಲ್ಲಿ ಕುಕ್ಕರ್ ಜೋರಾಗಿ ಕೂಗಿ ಬೀಗರನ್ನು ಬರಮಾಡಿಕೊಂಡಿತು. ಹೆಂಡತಿಯ ಮುಖವಂತೂ ಅರಳಿತ್ತು.

"ಕೇಳಿದ್ರಾ ಬೀಗರೇ, ಎಷ್ಟು ದಿನ ಆಗಿತ್ತು ಅದು ಹೀಗೆ ಕೂಗಿ. ಬರೀ ಬುಸುಗುಟ್ಟುತ್ತಿತ್ತು. ನಿನ್ನೆ ಇವರಿಗೆ ಅಂತೂ ಬುದ್ಧಿ ಬಂದು ವಾಲ್ವ್ ತಂದು ಕಟ್ಟೆ ಮೇಲೆ ಇಟ್ಟಿದ್ರು. ಆದ್ರೆ ಇವರು ತಂದದ್ದು ಯಾವತ್ತು ಅಳತೆಗೆ ಸರಿಹೋಗಿದೆ? ತಿರುಗಿಸಿದ್ರೆ ಕೂರಲೇ ಇಲ್ಲ. ಮಾತಾಡಿ ಪ್ರಯೋಜನ ಇಲ್ಲ ಅಂತ ನಾನೇ ಹಿಂದಿನ ಬೀದಿ ಪಾತ್ರೆ ಅಂಗಡಿಗೆ ಹೋಗಿ ಬದಲಾಯಿಸ್ಕೊಂಡು ಬಂದೆ."

ಸಾಹೇಬರು ಕುರ್ಚಿಯ ತೋಳು ಹಿಡಿದುಕೊಂಡರು. "ಅದು... ಹೊಳೀತಿತ್ತಾ?"

"ಹೂಂ. ಪುಟ್ಟ ತಿರುಪು, ಒಳ್ಳೇ ಭಾರ. ನಿಮ್ಮ ಕೈಗುಣಕ್ಕೆ ಅಷ್ಟಾದ್ರೂ ಸಿಕ್ತಲ್ಲ ಅಂದ್ಕೊಂಡೆ."

ಬೀಗರು ಹೆಂಡತಿಯನ್ನು ನೋಡಿದರು, ಕುಕ್ಕರನ್ನು ನೋಡಿದರು, ಸಾಹೇಬರನ್ನು ನೋಡಿದರು. ಆಮೇಲೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಗುವಿನ ಮಧ್ಯೆ ವಿಷಯ ಬಿಡಿಸಿ ಹೇಳಿದ್ದೂ ಅವರೇ. ಹೆಂಡತಿ ಗಂಡನ ಕಡೆ ತಿರುಗಿ, "ಬರೀ ಒರೆಸ್ತಿದ್ರಿ ಅಲ್ವಾ?" ಎಂದರು. ಸಾಹೇಬರು ಕುಕ್ಕರಿನ ಕಡೆ ನೋಡುತ್ತಾ ಕೂತರು.

ಊಟ ಬಿಟ್ಟು ಮೂವರೂ ಡ್ರೈವರ್ ಸಮೇತ ಹಿಂದಿನ ಬೀದಿಗೆ ನಡೆದರು. ಭಾನುವಾರವೂ ತೂಕದ ಸಾಹೇಬರು, ಜೊತೆಗೆ ಬಿಳಿ ಟೋಪಿಯ ಇನ್ನೊಬ್ಬ ಅಧಿಕಾರಿ! ಪಾತ್ರೆ ಅಂಗಡಿಯವನು ಎದ್ದು ನಿಂತ.

"ವೆಯ್ಟ್ ಎಲ್ಲಿ?" ಎಂದರು ಸಾಹೇಬರು, ಉಸಿರು ಕಟ್ಟಿ.

ಅವನು ಗಡಿಬಿಡಿಯಿಂದ ಅಂಗಡಿಯಲ್ಲಿದ್ದ ತೂಕದ ಕಲ್ಲುಗಳನ್ನೆಲ್ಲ ದೊಡ್ಡದರಿಂದ ಚಿಕ್ಕದರವರೆಗೆ ತಂದು ಜೋಡಿಸಿದ. "ಎಲ್ಲಕ್ಕೂ ನಿಮ್ಮದೇ ಮುದ್ರೆ ಇದೆ ಸಾಹೇಬ್ರೇ."

"ಅದಲ್ಲಪ್ಪ, ನಿನ್ನೆ ನಾನು ಕೊಟ್ಟೆನಲ್ಲ, ಆ ತಿರುಪು" ಎಂದು ಹೆಂಡತಿ ಬಿಡಿಸಿದರು. ಅವನಿಗೆ ಜೀವ ಬಂದ ಹಾಗಾಯಿತು. ಹಳೇ ವಾಲ್ವುಗಳ ಡಬ್ಬಿ ಸುರಿದು, ಅದರಲ್ಲಿದ್ದ ಭಾರದ ತಿರುಪನ್ನು ಎತ್ತಿ ಕೊಟ್ಟ. ಬೀಗರು ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲೆ ಡ್ರೈವರನ್ನು ಮಲಗಿಸಿ, ತಿರುಪು ಕೂರಿಸಿ ಕೀಲಿ ತಿರುಗಿಸಿದರು. ಕೀಲಿ 'ಟಕ್' ಎಂದಿತು.

"ಅದೇನು ಶಬ್ದ?" ಎಂದರು ಹೆಂಡತಿ.

"ಸಾಕು, ಇನ್ನು ತಿರುಗಿಸಬೇಡ ಅಂತ ಅದೇ ಹೇಳುತ್ತೆ."

"ಆ ಕೀಲಿ ನಮ್ಮ ಮನೇಲಿ ಬಿಟ್ಟು ಹೋಗಿ ಬೀಗರೇ. ಇವರಿಗೂ ಯಾರಾದ್ರೂ ಸಾಕು ಅನ್ನೋರು ಬೇಕು."

"ಪರವಾಗಿಲ್ಲ, ಬಿಡಿ" ಎಂದು ಬೀಗರು ಸಾಹೇಬರ ಬೆನ್ನು ತಟ್ಟಿದರು. ಸಾಹೇಬರಿಗೆ ಆ ಮಾತು ಅಂದು ಅಮೃತವಾಗಿ ಕೇಳಿಸಿತು. ಮಗಳ ಮಾನ ಉಳಿಯಿತು, ತನ್ನದೂ ಹೇಗೋ ಅರ್ಧ ಉಳಿಯಿತು ಎಂದು ಅವರು ನಿಟ್ಟುಸಿರು ಬಿಡುತ್ತಿರುವಾಗ, ಬೀಗರು ಕೀಲಿಯನ್ನು ಜೇಬಿಗೆ ಹಾಕಲು ಹೋದರು. ಜೇಬಿನಲ್ಲಿದ್ದ ಸೀಸದ ಚೂರು ಕೈಗೆ ಅಡ್ಡ ಬಂತು. ಅದನ್ನು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು.

ಅಂಗಡಿಯವನು ಅದನ್ನು ನೋಡಿದ. ಎತ್ತಿಕೊಂಡು ಉಗುರಿನಿಂದ ಅಂಟು ಕೆರೆದ. ಅಡ್ಡಗೀಟಿನ ಗುರುತು ಕಾಣಿಸಿತು.

"ಇದು ನಂದಲ್ವಾ? ನಿಮಗೆಲ್ಲಿ ಸಿಕ್ತು ಸಾರ್?"

"ನನ್ನ ಡ್ರೈವರ್ ಅಡಿಯಲ್ಲಿ" ಎಂದರು ಬೀಗರು.

"ಡ್ರೈವರ್ ಅಡೀಲಾ? ಅಲ್ಲಿ ಯಾರು ಇಟ್ಟಿದ್ದು?"

ಬೀಗರೂ ಹೆಂಡತಿಯೂ ಒಟ್ಟಿಗೆ ಸಾಹೇಬರ ಕಡೆ ನೋಡಿದರು.

"ಅದು... ಸ್ವಲ್ಪ ಸರಿದೂಗಿಸೋಕೆ..." ಎಂದರು ತೂಕದ ಸಾಹೇಬರು.

ಅಂಗಡಿಯವನು ನಿಧಾನವಾಗಿ ಸ್ಟೂಲು ಎಳೆದು, ಈ ಸಲ ತಾನೇ ಕೂತ.

"ಎಲ್ಲರೂ ಹಾಗೇ ಹೇಳ್ತಾರೆ ಸಾಹೇಬ್ರೇ."